ನರಕದ ಹಬೆಯಲ್ಲಿ ಬೆಂದ ಇಡ್ಲಿ: ಬೆಪ್ಪುವಿನಲ್ಲಿ ಮೂರು ರಾತ್ರಿ, ನನ್ನ ಅನುಭವ

"ಅಪ್ಪ ಅಮ್ಮ ಬಂದಾಗ ಒನ್ಸೆನ್‌ಗೆ ಮಾತ್ರ ಕರ್ಕೊಂಡು ಹೋಗ್ಬೇಡ, ದುಡ್ಡು ದಂಡ." ಒನ್ಸೆನ್ ಎಂದರೆ ಬಿಸಿನೀರಿನ ಬುಗ್ಗೆಯ ಸ್ನಾನದ ಜಾಗ. ಜಪಾನಿನಲ್ಲಿರುವ ನಮ್ಮವರಲ್ಲಿ ಈ ಮಾತು ಹೇಳದವರಿಲ್ಲ. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಹಿರಿಯರು, ಮೀನಿನ ಸಾರಿಲ್ಲದೆ ಒಂದು ಬಟ್ಟಲೂ ಬಾರದ ಊಟ, ಊರವರೆಲ್ಲರ ಎದುರು ಬತ್ತಲೆ ಸ್ನಾನ. ಮೂರೂ ಕೂಡಿಬರುವುದಿಲ್ಲ ಎನ್ನುವುದು ಅವರ ಲೆಕ್ಕ. ನಾನೂ ಎರಡು ಸಲ ಕೈ ಸುಟ್ಟುಕೊಂಡೆ. ಮೂರನೆಯ ಸಲ, ಕಳೆದ ಜನವರಿಯಲ್ಲಿ, ಕೂಡಿಬಂತು. ಎಷ್ಟು ಚೆನ್ನಾಗಿ ಕೂಡಿಬಂತೆಂದರೆ ಅಪ್ಪಯ್ಯ ಊರಿಗೆ ಹೋದ ಮೇಲೂ ಫೋನಿನಲ್ಲಿ ಅದನ್ನೇ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೋತ ಕಥೆ, ಯಾಕೆಂದರೆ ದುಡ್ಡು ಹೋಗಿದ್ದು ಅಲ್ಲೇ. ಮೊದಲ ಸಲ ಹಕೊನೆ, ಟೋಕಿಯೋ ಹತ್ತಿರದ ಒನ್ಸೆನ್ ಊರು. ಹೆಸರುವಾಸಿ ರ್ಯೊಕಾನ್, ಅಂದರೆ ಜಪಾನಿ ಶೈಲಿಯ ವಸತಿ, ತಲೆಗೆ ಹತ್ತಿರ ಹತ್ತಿರ 24 ಸಾವಿರ ಯೆನ್, ರಾತ್ರಿಯ ಊಟ ಬೆಳಗಿನ ಊಟ ಸೇರಿ. ಬುಕ್ ಮಾಡುವಾಗ "ಬೆಜಿತೇರಿಯನ್" ಎಂದು ಸ್ಪಷ್ಟವಾಗಿ ಬರೆದಿದ್ದೆ. ಆಯಿತು ಎಂದು ಉತ್ತರವೂ ಬಂತು. ಹೋಗಿ ಕೂತರೆ ಬದನೆಕಾಯಿಯ ಮೇಲೆ ಕತ್ಸುವೊಬುಶಿ, ಆ ಒಣಮೀನಿನ ಚೂರು, ಬಿಸಿಗೆ ಜೀವ ಇದ್ದ ಹಾಗೆ ಅಲ್ಲಾಡುತ್ತಿದೆ. ಅಮ್ಮ ಅದನ್ನೇ ನೋಡುತ್ತಾ ಕೂತುಬಿಟ್ಟರು. ಮಾಂಸ ಇಲ್ಲದಿದ್ದರೆ ಸಸ್ಯಾಹಾರ ಎಂದು ರ್ಯೊಕಾನಿನವರು ತಿಳಿದಿದ್ದರು. ತಪ್ಪು ಅವರದಲ್ಲ, ನಾನು ಬಳಸಿದ ಪದದ್ದು. ಅಪ್ಪಯ್ಯ ಬರೀ ಅನ್ನ, ಉಪ್ಪಿನಕಾಯಿಯಲ್ಲಿ ಊಟ ಮುಗಿಸಿದರು. ಸ್ನಾನದ ಕೋಣೆಯ ಪರದೆ ಸರಿಸಿ ಒಳಗೆ ನೋಡಿ ಹಾಗೇ ಹಿಂದೆ ಬಂದರು. ರೈಲು, ಬಸ್ಸು ಎಲ್ಲ ಸೇರಿ ಒಂದು ರಾತ್ರಿಗೆ 90 ಸಾವಿರ ಯೆನ್ ಹೋಯಿತು. ನಮ್ಮ ದುಡ್ಡಿನಲ್ಲಿ ಐವತ್ತು ಸಾವಿರದ ಆಸುಪಾಸು.

ಎರಡನೆಯ ಸಲ ಜಾಣತನ ಮಾಡಿದೆ ಅಂದುಕೊಂಡೆ. ಗುನ್ಮಾ ಕಡೆಯ ಒಂದು ಸಣ್ಣ ವಸತಿಯಲ್ಲಿ ಸುದೊಮಾರಿ, ಅಂದರೆ ಊಟವಿಲ್ಲದೆ ಬರೀ ಕೋಣೆ. ಅರ್ಧ ದುಡ್ಡಿಗೆ ಸಿಕ್ಕಿತು. ರೈಸ್ ಕುಕ್ಕರ್ ಚೀಲದಲ್ಲಿತ್ತು. ತತಾಮಿ ಎಂಬ ಹುಲ್ಲುಚಾಪೆ ಹಾಸಿದ ಕೋಣೆಯಲ್ಲಿ ಅಡುಗೆ ಮಾಡುವ ಹಾಗಿಲ್ಲ ಎಂದು ಒಕಾಮಿ, ವಸತಿಯ ಯಜಮಾನಿ, ಕುಕ್ಕರ್ ನೋಡಿದ ಕೂಡಲೇ ಹೇಳಿದರು. ನ್ಯಾಯವೇ. ಹೊರಗೆ ತಿನ್ನೋಣವೆಂದರೆ ಏಳು ಗಂಟೆಗೇ ಊರಿನ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಒಣ ಚಪಾತಿ, ಚಟ್ನಿಪುಡಿ, ಎರಡು ದಿನ.

ಬೌದ್ಧ ಮಠಗಳ ಶೋಜಿನ್ ಅಡುಗೆ ನಮಗೆ ಸರಿಹೋಗುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಈರುಳ್ಳಿ ಬೆಳ್ಳುಳ್ಳಿ ಕೂಡ ಹಾಕುವುದಿಲ್ಲ, ಸಾರಿಗೆ ಕೊಂಬು ಎನ್ನುವ ಕಡಲಪಾಚಿ ಮತ್ತು ಒಣ ಶಿಯಿತಾಕೆ ಅಣಬೆ. ಆದರೆ ಅಮ್ಮ ಅಣಬೆ ತಿನ್ನುವುದಿಲ್ಲ. ಅಲ್ಲಿಗೆ ಆ ದಾರಿಯೂ ಮುಚ್ಚಿತು.

ನನಗೆ ಬೇಕಾಗಿದ್ದು ಬೇರೆಯವರ ಅಡುಗೆಮನೆಯಲ್ಲಿ ನಾವು ಅಡುಗೆ ಮಾಡುವ ಹಕ್ಕು. ಜಪಾನಿನಲ್ಲಿ ಇದು ಹೊಸ ಸಂಗತಿಯೇನಲ್ಲ. ಹಿಂದೆ ರೈತರು ಕೊಯ್ಲು ಮುಗಿದ ಮೇಲೆ ಅಕ್ಕಿ, ಸೋಯಾಕಾಳಿನ ಮಿಸೊ ಕಟ್ಟಿಕೊಂಡು ಬಿಸಿನೀರಿನ ಊರುಗಳಿಗೆ ಹೋಗಿ, ವಾರಗಟ್ಟಲೆ ಇದ್ದು, ತಾವೇ ಬೇಯಿಸಿಕೊಂಡು, ಮೈಕೈ ನೋವು ಕಳೆದುಕೊಂಡು ಬರುತ್ತಿದ್ದರು. ತೋಜಿ ಅನ್ನುತ್ತಾರೆ ಅದಕ್ಕೆ. ಆ ಪದ್ಧತಿ ಇನ್ನೂ ಉಳಿದಿರುವ ಜಾಗಗಳಲ್ಲಿ ಒಂದು ಕ್ಯೂಶೂ ದ್ವೀಪದ ಓಯಿತಾ ಪ್ರಾಂತ್ಯದ ಬೆಪ್ಪು ಪಟ್ಟಣದ ಕನ್ನವಾ. ಅಲ್ಲಿ ಕಶಿಮಾ ಎಂಬ ವಸತಿಗಳಿವೆ. ಕೋಣೆ ಅವರದು, ಅಡುಗೆ ನಮ್ಮದು, ಒಲೆ ಮಾತ್ರ ಭೂಮಿಯದು. ನೆಲದಿಂದ ಬುಸುಗುಟ್ಟುತ್ತಾ ಬರುವ ಹಬೆಯನ್ನೇ ಕೊಳವೆಯಲ್ಲಿ ತಂದು ಹಂಡೆಯಂಥ ಗೂಡುಗಳಿಗೆ ಬಿಟ್ಟಿರುತ್ತಾರೆ. ಆ ಅಡುಗೆಗೆ ಜಿಗೊಕುಮುಶಿ, ನರಕದ ಹಬೆಯಡುಗೆ ಎಂದು ಹೆಸರು.

ಊರಿನ ಹೆಸರು ಕೇಳಿ ಅಮ್ಮ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಬೆಪ್ಪು ಅಂತ ಊರಾ? ಅಲ್ಲಿಗೆ ಹೋದವ್ರು ಎಂತ ಆಗಿ ಬರ್ತಾರೋ?" ಅಪ್ಪಯ್ಯನಿಗೆ ಕಶಿಮಾ ಎಂದಿದ್ದು ಕಾಶಿ ಎಂದು ಕೇಳಿತು, ತಕ್ಷಣ ಒಪ್ಪಿದರು.

ನಾನು ಹಿಡಿದ ವಸತಿ ದೊಡ್ಡ ಬುಕಿಂಗ್ ತಾಣಗಳಲ್ಲಿ ಇಲ್ಲ. ಹೆಸರು ಇಲ್ಲಿ ಹೇಳುವುದಿಲ್ಲ. ಇರುವುದೇ ಏಳೆಂಟು ಕೋಣೆ, ಮುಂದಿನ ಸಲ ನನಗೇ ಸಿಗದಂತಾದರೆ ಕಷ್ಟ. ಹುಡುಕುವವರಿಗೆ ಕನ್ನವಾದಲ್ಲಿ ಇಂಥವು ಇನ್ನೂ ಇವೆ, ಫೋನ್ ಮಾಡಬೇಕು ಅಷ್ಟೆ. ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರ ಒಳಗೆ ಮಾಡಿ. ಹಳಬರು ಕೋಣೆ ಬಿಟ್ಟಾಗಿರುತ್ತದೆ, ಹೊಸಬರು ಬಂದಿರುವುದಿಲ್ಲ, ಒಕಾಮಿಗೆ ಮಾತಾಡಲು ಪುರಸೊತ್ತಿರುತ್ತದೆ. ನಾನು ಕೇಳಿದ್ದು ಮೂರೇ ವಿಷಯ. ಹಬೆಗೂಡು ಬೆಳಿಗ್ಗೆ ಎಷ್ಟು ಗಂಟೆಯಿಂದ ಬಳಸಬಹುದು, ಸ್ನಾನದ ಕೋಣೆಗೆ ಒಳಗಿನಿಂದ ಚಿಲಕ ಇದೆಯೇ, ನೆಲದ ಮೇಲಿನ ಹಾಸಿಗೆಯಿಂದ ಏಳಲು ಹಿರಿಯರಿಗೆ ಆಸರೆಗೆ ಒಂದು ಕುರ್ಚಿ ಸಿಗುತ್ತದೆಯೇ. ಮೂರಕ್ಕೂ ಹೌದು ಬಂದ ಮೇಲೆ ಬುಕ್ ಮಾಡಿದೆ. ವಾರದ ನಡುವಿನ ದಿನ, ಮಂಗಳವಾರದಿಂದ ಶುಕ್ರವಾರ. ತಲೆಗೆ ದಿನಕ್ಕೆ ನಾಲ್ಕೂವರೆ ಸಾವಿರ ಯೆನ್ ಚಿಲ್ಲರೆ.

ಈಗ ಇಡ್ಲಿಯ ವಿಷಯ. ಇಲ್ಲಿಯ ನಮ್ಮವರ ಗುಂಪಿನಲ್ಲಿ ಹೆಚ್ಚು ನಕ್ಕಿದ್ದು ಇದಕ್ಕೇ. ಹಿಟ್ಟನ್ನು ಯೊಕೊಹಾಮಾದ ಮನೆಯಲ್ಲೇ ರುಬ್ಬಿ ಡಬ್ಬಿಗೆ ತುಂಬಿ ವಿಮಾನದ ಲಗೇಜಿಗೆ ಹಾಕಿದೆ. ಓಯಿತಾ ವಿಮಾನ ನಿಲ್ದಾಣದಲ್ಲಿ ಚೀಲ ಕೈಗೆ ಬಂದಾಗಲೇ ಹುಳಿವಾಸನೆ. ಮುಚ್ಚಳ ಎದ್ದು ಅಪ್ಪಯ್ಯನ ಎರಡು ಪಂಚೆ, ನನ್ನ ಸ್ವೆಟರ್ ಎಲ್ಲ ಹಿಟ್ಟು. ಅಮ್ಮ ಬಸ್ಸಿನಲ್ಲಿ ಬೆಪ್ಪುವಿನವರೆಗೂ, ಮುಕ್ಕಾಲು ಗಂಟೆಗೂ ಹೆಚ್ಚು, ಒಂದು ಮಾತಾಡಲಿಲ್ಲ. ಅದೃಷ್ಟಕ್ಕೆ ಇಡ್ಲಿ ರವೆಯ ಒಂದು ಪೊಟ್ಟಣ, ಉದ್ದಿನ ಹಿಟ್ಟಿನ ಒಂದು ಪೊಟ್ಟಣ ಬೇರೆ ಇಟ್ಟುಕೊಂಡಿದ್ದೆ. ವಸತಿಯಲ್ಲಿ ಅದನ್ನೇ ಕಲಸಿದೆವು. ಯೊಕೊಹಾಮಾದ ಚಳಿಯಲ್ಲಿ ಹದಿನೆಂಟು ಗಂಟೆ ಇಟ್ಟರೂ ನನ್ನ ಹಿಟ್ಟು ಉಬ್ಬುವುದಿಲ್ಲ. ಕನ್ನವಾದಲ್ಲಿ ನೆಲವೇ ಬೆಚ್ಚಗಿರುತ್ತದೆ. ಸ್ನಾನದ ಕೋಣೆಯ ಹೊರಗೋಡೆಗೆ ತಾಗಿಸಿ ಪಾತ್ರೆಯನ್ನು ಟವೆಲಿನಲ್ಲಿ ಸುತ್ತಿಟ್ಟೆ. ರಾತ್ರಿ ಒಂಬತ್ತಕ್ಕೆ ಇಟ್ಟಿದ್ದು ಬೆಳಿಗ್ಗೆ ಆರಕ್ಕೆ ಪಾತ್ರೆಯ ಕಂಠದವರೆಗೆ ಬಂದಿತ್ತು. ಅಮ್ಮ ಸೌಟು ಹಾಕಿ ನೋಡಿ, "ನಮ್ಮ ಏಪ್ರಿಲ್ ತಿಂಗಳ ಹಿಟ್ಟಿನ ಹಾಗೇ ಇದೆಯಲ್ಲೋ" ಎಂದರು.

ಮೊದಲ ಒಬ್ಬೆ ಕೆಟ್ಟಿತು. ಗೂಡಿನ ಕವಾಟ ಪೂರ್ತಿ ತಿರುಗಿಸಿಬಿಟ್ಟಿದ್ದೆ. ಆ ಹಬೆಯ ರಭಸ ನಮ್ಮ ಅಡುಗೆಮನೆಯ ಹಬೆಯಂತಲ್ಲ, ಸುಮಾರು ನೂರು ಡಿಗ್ರಿ, ಜೊತೆಗೆ ಹನಿಹನಿ ನೀರು. ಮರದ ಮುಚ್ಚಳದಿಂದ ತೊಟ್ಟಿಕ್ಕಿ ಇಡ್ಲಿಯ ತಲೆ ಎಲ್ಲ ಗಂಜಿ. ನೆಲದೊಳಗಿನ ನೀರು ಉಪ್ಪು, ಹಾಗಾಗಿ ಗಂಜಿಗೂ ಉಪ್ಪು. ಎರಡನೆಯ ಒಬ್ಬೆಗೆ ಕವಾಟ ಅರ್ಧಕ್ಕೆ ಇಳಿಸಿದೆ. ಸ್ಟೀಲಿನ ತಟ್ಟೆ ಬಿಟ್ಟು ಅವರದೇ ಬಿದಿರಿನ ಜರಡಿಬುಟ್ಟಿಗೆ ಒದ್ದೆ ಬಟ್ಟೆ ಹಾಸಿ ಹುಯ್ದೆ, ಮೇಲೆ ಇನ್ನೊಂದು ಬಟ್ಟೆಯನ್ನು ಹಿಟ್ಟಿಗೆ ತಾಗದ ಹಾಗೆ ಬಿಗಿದು ಕಟ್ಟಿದೆ. ಹಿಟ್ಟಿಗೆ ಹಾಕುವ ಉಪ್ಪನ್ನು ಅರ್ಧ ಮಾಡಿದೆ. ಹನ್ನೊಂದು ನಿಮಿಷ. ಬಟ್ಟೆ ತೆಗೆದಾಗ ಬುಟ್ಟಿಯ ಹೆಣಿಗೆಯ ಗುರುತು ಇಡ್ಲಿಯ ಬೆನ್ನಿನ ಮೇಲೆ ಸಾಲುಸಾಲಾಗಿ ಅಚ್ಚಾಗಿತ್ತು. ಬೆರಳಲ್ಲಿ ಒತ್ತಿದರೆ ತಗ್ಗಿ ಮತ್ತೆ ಏಳುತ್ತಿತ್ತು. ಇಷ್ಟು ಮೆತ್ತಗಿನ ಇಡ್ಲಿ ನನ್ನ ಕೈಯಲ್ಲಿ ಈ ದೇಶದಲ್ಲಿ ಹನ್ನೊಂದು ವರ್ಷದಲ್ಲಿ ಆಗಿರಲಿಲ್ಲ. ಒಕಾಮಿಗೆ ನಾಲ್ಕು ಕೊಟ್ಟೆವು. ಅವರು ಬದಲಿಗೆ ಸಿಹಿಗೆಣಸು, ಕುಂಬಳಕಾಯಿ ತಂದು ಅದೇ ಗೂಡಿನಲ್ಲಿ ಇಟ್ಟರು. ಉಪ್ಪಿನ ಹಬೆಯಲ್ಲಿ ಬೆಂದ ಗೆಣಸಿಗೆ ಏನೂ ಬೇಡ.

ಬೇಳೆಗೂ ಅದೇ ಗೂಡು. ಎರಡು ಗಂಟೆ ನೆನೆಸಿದ ತೊಗರಿಬೇಳೆ ಮುಚ್ಚಿದ ಪಾತ್ರೆಯಲ್ಲಿ ಐವತ್ತು ನಿಮಿಷಕ್ಕೆ ಕರಗಿತು. ಸಾರು ಕುದಿಸಿದ್ದು ಅವರ ಗ್ಯಾಸಿನ ಮೇಲೆ. ಕರಿಬೇವು ಇರಲಿಲ್ಲ. ಅಮ್ಮ ಊರಿನಿಂದ ತಂದ ಒಂದು ಹಿಡಿ ಹಸಿ ಸೊಪ್ಪನ್ನು ಜಪಾನಿಗೆ ಬಂದ ದಿನವೇ ವಿಮಾನ ನಿಲ್ದಾಣದಲ್ಲಿ ತೆಗೆಸಿದ್ದರು. ಪ್ರಮಾಣಪತ್ರವಿಲ್ಲದ ಹಸಿ ಎಲೆಯನ್ನು ಒಳಗೆ ಬಿಡುವುದಿಲ್ಲ, ನಾನು ಮೊದಲೇ ಹೇಳಬೇಕಿತ್ತು.

ಎಲೆಯ ಮಾತು ಬಂದಿದ್ದಕ್ಕೆ ಇದೊಂದು. ಹಲಸಿನೆಲೆಯ ಕೊಟ್ಟೆ ಕಡುಬು ಮಾಡುವ ಆಸೆ ಇತ್ತು. ಬಿದಿರಹುಲ್ಲಿನ ಸಾಸಾ ಎಲೆಯಲ್ಲಿ ಮಾಡಿ ನೋಡಿದೆ, ಎಲೆ ಉದ್ದ ಇದೆ ಆದರೆ ಅಗಲ ಸಾಲದು, ಹಿಟ್ಟೆಲ್ಲ ಸೋರಿತು. ಮೋಚಿ ಎಂಬ ಅಕ್ಕಿಯ ಸಿಹಿತಿಂಡಿಗೆ ಸುತ್ತುವ ಕಶಿವಾ ಎಲೆ ನಾಲ್ಕನ್ನು ಕಡ್ಡಿ ಚುಚ್ಚಿ ಕೂಡಿಸಿದರೆ ನಿಲ್ಲುತ್ತದೆ. ಪರಿಮಳ ಬೇರೆ, ಆದರೆ ಕೆಟ್ಟದ್ದಲ್ಲ. ಕಡ್ಡಿ ಚುಚ್ಚುವ ಕ್ರಮ ಅಮ್ಮನದು, ಅದನ್ನು ಬರೆದು ತಿಳಿಸಲಾಗುವುದಿಲ್ಲ.

ಸ್ನಾನಕ್ಕೆ ಬರೋಣ. ಚಿಲಕವಿರುವ ಪುಟ್ಟ ಕೋಣೆ, ಕಲ್ಲಿನ ತೊಟ್ಟಿ, ನಮ್ಮವರಷ್ಟೇ. ಎಲ್ಲ ಸಂಕೋಚಕ್ಕೂ ಅದೊಂದೇ ಉತ್ತರ. ಮೊದಲು ಹೊರಗೆ ಕೂತು ಮೈ ತೊಳೆದು, ತಂಬಿಗೆಯಲ್ಲಿ ಕಾಲಿನಿಂದ ಮೇಲಕ್ಕೆ ನೀರು ಹುಯ್ದುಕೊಂಡು ಇಳಿಯಬೇಕು ಎಂದಾಗ ಅಪ್ಪಯ್ಯ, "ಇದರಲ್ಲಿ ಹೊಸತೇನಿದೆ, ಹೊಳೆಗೆ ಇಳಿಯೋದೂ ಹಾಗೇ" ಎಂದರು. ನೀರು ನಲವತ್ತೆರಡು ಡಿಗ್ರಿಯ ಮೇಲೆ. ಅವರಿಗೆ ಬಿಪಿ ಇದೆ, ಹಾಗಾಗಿ ನಾಲ್ಕು ನಿಮಿಷ ಮಾತ್ರ, ಎದೆಯ ಕೆಳಗಿನವರೆಗೆ, ಊಟವಾಗಿ ಒಂದು ಗಂಟೆಯ ಮೇಲೆ. ನಾನು ಹೊರಗೆ ಗಡಿಯಾರ ಹಿಡಿದು ಕೂತಿರುತ್ತಿದ್ದೆ. ಮಂಡಿನೋವಿಗೆ ಅವರಿಗೆ ಹಿಡಿಸಿದ್ದು ಬೀದಿಬದಿಯ ಕಾಲುಹಬೆ. ಮರದ ಪೆಟ್ಟಿಗೆಯ ಮುಚ್ಚಳ ತೆಗೆದು ಕಾಲಿಟ್ಟು ಕೂರುವುದು, ದುಡ್ಡಿಲ್ಲ. ದಿನಕ್ಕೆ ಎರಡು ಸಲ ಹೋಗುತ್ತಿದ್ದರು, ಪಂಚೆ ಮಂಡಿಗೆ ಎತ್ತಿ ಕಟ್ಟಿಕೊಂಡು, ಪಕ್ಕದ ಜಪಾನಿ ಅಜ್ಜನ ಜೊತೆ ಕೈಸನ್ನೆಯಲ್ಲಿ ಮಾತು.

ಎರಡನೆಯ ದಿನ ಕನ್ನವಾದ ಮುಶಿಯುಗೆ ಕರೆದೊಯ್ದೆ. ಇಪ್ಪೆನ್ ಎಂಬ ಬೌದ್ಧ ಸನ್ಯಾಸಿ 1276ರಲ್ಲಿ ಶುರುಮಾಡಿದ್ದೆಂದು ಹೇಳುವ ಹಬೆಸ್ನಾನ ಅದು. ಬಟ್ಟೆ ಹಾಕಿಕೊಂಡೇ ಹೋಗುವುದು, ಅಮ್ಮನಿಗೆ ಧೈರ್ಯ ಬಂದಿದ್ದೂ ಅದಕ್ಕೇ. ಮೊಣಕಾಲೂರಿ ನುಸುಳಬೇಕಾದ ಸಣ್ಣ ಬಾಗಿಲು, ಒಳಗೆ ಕತ್ತಲು, ನೆಲದ ತುಂಬ ಸೆಕಿಶೋ ಎಂಬ ಗಿಡದ ಎಲೆ ಹಾಸಿರುತ್ತಾರೆ. ಎಂಟು ನಿಮಿಷ ಅದರ ಮೇಲೆ ಮಲಗಬೇಕು. ಹೊರಗೆ ಬಂದ ಅಮ್ಮ ಬೆವರು ಒರೆಸಿಕೊಳ್ಳುವ ಮೊದಲು ಹೇಳಿದ್ದು: "ಅದು ಬಜೆ ಕಣೋ. ನಿನಗೆ ಮಾತು ಬೇಗ ಬರಲಿ ಅಂತ ತೇಯ್ದು ನಾಲಿಗೆಗೆ ಸವರಿದ್ನಲ್ಲ, ಅದೇ ವಾಸನೆ." ರಾತ್ರಿ ಹುಡುಕಿ ನೋಡಿದೆ. ಸೆಕಿಶೋ ನಿಜವಾಗಿಯೂ ನಮ್ಮ ಬಜೆಯ ಕುಲದ್ದೇ ಗಿಡ. ಜಪಾನಿ ಓದಬಲ್ಲ ನನಗೆ ಗೊತ್ತಿರಲಿಲ್ಲ, ಅಮ್ಮನ ಮೂಗಿಗೆ ಗೊತ್ತಿತ್ತು.

ಒಂದು ಎಡವಟ್ಟೂ ಆಯಿತು. ಮೂರನೆಯ ದಿನ ಬೆಟ್ಟದ ಮೇಲಿನ ಮ್ಯೋಬನ್‌ಗೆ ಹೋಗಿ ಒಂದು ಗಂಟೆಗೆ ಕುಟುಂಬ ಸ್ನಾನದ ಕೋಣೆ ಹಿಡಿದೆವು, ಎರಡು ಸಾವಿರ ಯೆನ್ ಇರಬೇಕು. ಅಲ್ಲಿಯ ನೀರಿನಲ್ಲಿ ಗಂಧಕ. ಎದ್ದು ಬಂದಾಗ ಅಮ್ಮನ ಬೆಳ್ಳಿಯ ಕಾಲುಂಗುರ ಇದ್ದಿಲಿನಷ್ಟು ಕಪ್ಪು. ಅಮ್ಮ ಹೌಹಾರಿದರು, ಮುತ್ತೈದೆಯ ಕಾಲುಂಗುರ. ತೆಗೆದು ಉಜ್ಜೋಣವೆಂದರೆ ತೆಗೆಯುವುದಿಲ್ಲ. ವಿಭೂತಿಯಲ್ಲಿ ಉಜ್ಜಿದೆವು, ಅರ್ಧ ಹೋಯಿತು. ಕೊನೆಗೆ ವಸತಿಯ ಬೋಗುಣಿಗೆ ಅಡುಗೆಯ ಅಲ್ಯೂಮಿನಿಯಂ ಹಾಳೆ ಹಾಸಿ, ಬಿಸಿನೀರು ಹುಯ್ದು, ಎರಡು ಚಮಚ ಅಡುಗೆ ಸೋಡಾ ಹಾಕಿ, ಅಮ್ಮನ ಕಾಲನ್ನು ಅದರೊಳಗೆ ಇಡಿಸಿದೆ. ಉಂಗುರ ಹಾಳೆಗೆ ತಾಗಿರಬೇಕು, ಅದೇ ಮುಖ್ಯ. ಕೊಳೆತ ವಾಸನೆ ಒಂದಿಷ್ಟು ಬಂತು. ಇಪ್ಪತ್ತು ನಿಮಿಷಕ್ಕೆ ಬೆಳ್ಳಿ ಬಿಳಿಯಾಯಿತು. ಅಪ್ಪಯ್ಯನ ಉಡಿದಾರಕ್ಕೂ ಅದೇ ಸ್ನಾನ. ಕನ್ನವಾದ ನಮ್ಮ ವಸತಿಯ ಉಪ್ಪು ನೀರಿನಲ್ಲಿ ಒಂದು ಬೆಳ್ಳಿಯ ಕುಂಕುಮದ ಬಟ್ಟಲನ್ನು ರಾತ್ರಿಯಿಡೀ ಇಟ್ಟು ನೋಡಿದೆ, ಏನೂ ಆಗಲಿಲ್ಲ. ಗಂಧಕದ ನೀರಿಗೆ ಹೋಗುವ ಮುಂಚೆ ಕಾಲುಂಗುರಕ್ಕೆ ನಾನೀಗ ಬೇರೊಂದು ಉಪಾಯ ಮಾಡಿದ್ದೇನೆ, ಇನ್ನೊಂದು ಸಲ ಪರೀಕ್ಷೆ ಮಾಡದೆ ಹೇಳುವುದಿಲ್ಲ.

ಲೆಕ್ಕ ನೆನಪಿನಿಂದ: ಮೂವರಿಗೆ ಮೂರು ರಾತ್ರಿ ಕೋಣೆ 41 ಸಾವಿರ, ವಿಮಾನ ಹೋಗಿಬರಲು 57 ಸಾವಿರ, ಬಸ್ಸು 10 ಸಾವಿರ, ತರಕಾರಿ ತೋಫು ಹಾಲು 5 ಸಾವಿರ, ಸ್ನಾನ ಇತ್ಯಾದಿ 4 ಸಾವಿರ. ಒಟ್ಟು 1 ಲಕ್ಷದ 17 ಸಾವಿರ ಯೆನ್. ಹಕೊನೆಯ ಒಂದು ಹಸಿದ ರಾತ್ರಿಗೆ 90 ಸಾವಿರ ಕೊಟ್ಟವನಿಗೆ ಇದು ಸೋವಿ. ವಿಮಾನದ್ದೇ ಅರ್ಧ, ಕ್ಯೂಶೂವಿನದೇ ಆದ ಫುಕುಒಕಾದಲ್ಲಿ ಇರುವವರಿಗೆ ಅದೂ ಉಳಿಯುತ್ತದೆ. ಹೊಸ ವರ್ಷ, ಮೇ ಮೊದಲ ವಾರ, ಆಗಸ್ಟ್ ಮಧ್ಯದ ಹಿರಿಯರ ಹಬ್ಬ ಓಬೊನ್, ಈ ಮೂರು ಹೊತ್ತು ಬಿಟ್ಟುಬಿಡಿ. ಆಗ ದರ ಏರುತ್ತದೆ, ಹಬೆಗೂಡಿನ ಮುಂದೆ ಸಾಲೂ ಇರುತ್ತದೆ.

ಸಾಲಿಲ್ಲದ ಜನವರಿಯ ಬೆಳಿಗ್ಗೆ ಬೇರೆಯೇ. ಆರೂವರೆಗೆ ಕಿಟಕಿ ಸರಿಸಿದರೆ ಇಳಿಜಾರಿನ ಉದ್ದಕ್ಕೂ ಚರಂಡಿಯ ಸಂದಿನಿಂದ, ಮನೆಗಳ ಹಿಂದಿನಿಂದ, ಬಿಳಿ ಹಬೆಯ ಕಂಬಗಳು. ರಾತ್ರಿಯಿಡೀ ಕೇಳಿದ ಸದ್ದು ಅದೊಂದೇ. ಅಪ್ಪಯ್ಯ ಕಂಬಳಿ ಹೊದ್ದು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಸಂಧ್ಯಾವಂದನೆ ಮುಗಿಸಿ ಸುಮ್ಮನೆ ಕೂತಿರುತ್ತಿದ್ದರು. ಟಿವಿ ಕೇಳಲಿಲ್ಲ, ಪೇಪರ್ ಕೇಳಲಿಲ್ಲ, ಮುಂದೆ ಎಲ್ಲಿಗೆ ಎಂದೂ ಕೇಳಲಿಲ್ಲ. ಹೊರಡುವ ದಿನ ಒಕಾಮಿ ಅಮ್ಮನಿಗೆ "ಒಕಾಸಾನ್", ಅಮ್ಮಾ, ಎಂದು ಕೈ ಹಿಡಿದು, ತೋಜಿ ಅಂದರೆ ಏಳು ದಿನವಾದರೂ ಇರಬೇಕು, ಮೂರು ಸಾಲದು ಎಂದರು. ನಾನು ಅನುವಾದ ಮಾಡುವ ಮೊದಲೇ ಅಪ್ಪಯ್ಯ ಬೆರಳು ಎಣಿಸಿ ಏಳು ತೋರಿಸಿದರು. ನವೆಂಬರ್ ಕೊನೆಯ ವಾರಕ್ಕೆ ಕೋಣೆ ಹೇಳಿಟ್ಟಿದ್ದೇನೆ, ಹಿಟ್ಟು ಈ ಸಲ ಅಲ್ಲೇ ಕಲಸುವುದು.