ಆರ್ಕ್‌ಟ್ಯಾನ್ ಶ್ರೇಣಿ 1ರ ಆಚೆ ಯಾಕೆ ಕೈಕೊಡುತ್ತದೆ?

ಗಣಿತ ಲೈಬ್ರರಿಗೆ ಜಾಗವಿಲ್ಲದ ಮೈಕ್ರೋಕಂಟ್ರೋಲರ್‌ಗೆ ಆರ್ಕ್‌ಟ್ಯಾನ್ (ಟ್ಯಾನ್ ಬೆಲೆಯಿಂದ ಕೋನ ಹೇಳುವ ಫಂಕ್ಷನ್) ಬರೆಯುವಾಗ ನಾನು ಮೊದಲು ಹಾಕಿದ್ದು ಸೊನ್ನೆಯ ಸುತ್ತಲಿನ ಟೇಲರ್ ಶ್ರೇಣಿ, ಅಂದರೆ ಎಕ್ಸ್‌ನ ಘಾತಗಳ ಮೊತ್ತ: ಎಕ್ಸ್ − ಎಕ್ಸ್³/3 + ಎಕ್ಸ್⁵/5 − … ಎಕ್ಸ್ 0.2 ಇದ್ದರೆ ನಾಲ್ಕೇ ಪದಕ್ಕೆ ಆರು ದಶಮಾಂಶ ಸರಿಯಾಗಿ ಬರುತ್ತವೆ. 0.95 ಇದ್ದರೆ ಮುಂದಿನ ಪದ 0.000001ಕ್ಕಿಂತ ಕೆಳಗಿಳಿಯಲು 85 ಪದ ಕೂಡಿಸಬೇಕು. 1.5 ಕೊಟ್ಟರಂತೂ ಮೊತ್ತ 1.5, 0.375, 1.894, −0.547, 3.724 ಎಂದು ಜಿಗಿದಾಡುತ್ತದೆ. ಬರಬೇಕಾದ್ದು 0.982794. ಕೋಡ್‌ನಲ್ಲಿ ತಪ್ಪು ಹುಡುಕಬೇಡಿ, ಅಲ್ಲಿಲ್ಲ.

ಗ್ರಾಫ್‌ನಲ್ಲೂ ಇಲ್ಲ, 1ರ ಬಳಿ ಗೆರೆ ನುಣ್ಣಗೆ ಸಾಗುತ್ತದೆ. ಆರ್ಕ್‌ಟ್ಯಾನ್‌ನ ಡೆರಿವೇಟಿವ್ 1/(1+ಎಕ್ಸ್²). ಎಕ್ಸ್ ಜಾಗದಲ್ಲಿ ಐ (ವರ್ಗ −1 ಆಗುವ ಕಾಲ್ಪನಿಕ ಸಂಖ್ಯೆ, ಸೊನ್ನೆಯಿಂದ ಅದರ ದೂರ 1) ಹಾಕಿ, ಛೇದ ಸೊನ್ನೆಯಾಗುತ್ತದೆ. ಘಾತ ಶ್ರೇಣಿಗೆ ದಿಕ್ಕು ಗೊತ್ತಿಲ್ಲ, ಕೇಂದ್ರದಿಂದ ದೂರವಷ್ಟೇ ಗೊತ್ತು. ಈ ಡೆರಿವೇಟಿವ್‌ನ ಶ್ರೇಣಿ 1.5ರಲ್ಲಿ ಅಭಿಸರಿಸಿದ್ದರೆ, ಅಂದರೆ ಮೊತ್ತ ಒಂದು ಬೆಲೆಗೆ ಬಂದು ನಿಂತಿದ್ದರೆ, ಇನ್ನೂ ಹತ್ತಿರದಲ್ಲಿರುವ ಐನಲ್ಲೂ ಒಂದು ಬೆಲೆ ಕೊಡಬೇಕಿತ್ತು. ಅಲ್ಲಿ ಕೊಡಲು ಬೆಲೆಯೇ ಇಲ್ಲ. ಹಾಗಾಗಿ ಶ್ರೇಣಿ ಅಭಿಸರಿಸುವ ವೃತ್ತದ ತ್ರಿಜ್ಯ 1. ಸರಿಯಾಗಿ 1 ಹಾಕಿದರೆ ಕೇರಳದ ಗಣಿತಜ್ಞ ಮಾಧವನ ಪೈ ಶ್ರೇಣಿ ಸಿಗುತ್ತದೆ. ಅಂಚಿನ ಮೇಲೆ ನಿಂತಿರುವುದರಿಂದ ಸಾವಿರ ಪದ ಕೂಡಿಸಿದರೂ ಪೈನಲ್ಲಿ ಸುಮಾರು 0.001 ವ್ಯತ್ಯಾಸ ಉಳಿಯುತ್ತದೆ.

ಕೇಂದ್ರವನ್ನು 1ಕ್ಕೆ ಸರಿಸಿದರೆ ಐವರೆಗಿನ ದೂರ √2, ಅಂದರೆ 1.414. ಈಗ 1.5 ವೃತ್ತದೊಳಗೆ ಬಂತು. ಹೊಸ ಕೇಂದ್ರದಿಂದ ಅದರ ದೂರ ಹೆಚ್ = ಎಕ್ಸ್ − 1 = 0.5. ಶ್ರೇಣಿ ಹೀಗಿದೆ: ಪೈ/4 + ಹೆಚ್/2 − ಹೆಚ್²/4 + ಹೆಚ್³/12 − ಹೆಚ್⁵/40 + … ಹೆಚ್⁴ ಕಾಣೆಯಾಗಿದ್ದು ಅಚ್ಚಿನ ತಪ್ಪಲ್ಲ, ಪ್ರತಿ ನಾಲ್ಕನೆಯ ಗುಣಾಂಕ ಸೊನ್ನೆ. ‘ಪದ ಚಿಕ್ಕದಾದರೆ ನಿಲ್ಲು’ ಎಂಬ ಲೂಪ್ ಇಲ್ಲಿ ಮೋಸಹೋಗುತ್ತದೆ: ಆ ಸೊನ್ನೆ ನೋಡಿ 0.98331ಕ್ಕೇ ನಿಂತುಬಿಡುತ್ತದೆ, ಮೂರನೆಯ ದಶಮಾಂಶವೇ ತಪ್ಪು. ಎರಡು ಪದ ಸತತವಾಗಿ ಚಿಕ್ಕದಾದರೆ ಮಾತ್ರ ನಿಲ್ಲಿಸಬೇಕು.

ಆದರೂ ಕೇಂದ್ರ ಸರಿಸುವುದು ನನಗೆ ದುಬಾರಿ ಎನಿಸಿತು. ಕೊನೆಗೆ ಉಳಿಸಿಕೊಂಡಿದ್ದು ಇದು: ಮೊದಲು ಋಣ ಚಿಹ್ನೆ ಇದ್ದರೆ ತೆಗೆದಿಡಿ. ಎಕ್ಸ್ 2.4142ಕ್ಕಿಂತ ದೊಡ್ಡದಿದ್ದರೆ ಪೈ/2 − ಆರ್ಕ್‌ಟ್ಯಾನ್(1/ಎಕ್ಸ್). 0.4142ರಿಂದ 2.4142ರವರೆಗೆ ಪೈ/4 + ಆರ್ಕ್‌ಟ್ಯಾನ್((ಎಕ್ಸ್−1)/(ಎಕ್ಸ್+1)). ಅದಕ್ಕಿಂತ ಕಡಿಮೆಯಿದ್ದರೆ ನೇರವಾಗಿ ಶ್ರೇಣಿ. ಹೇಗೆ ಬಂದರೂ ಶ್ರೇಣಿಗೆ ಸಿಗುವ ಸಂಖ್ಯೆಯ ಗಾತ್ರ 0.4142 ಮೀರದು, ಆರು ಪದ ಸಾಕು. ನಮ್ಮ 1.5 ಇಲ್ಲಿ 0.2 ಆಗುತ್ತದೆ. 1706ರಲ್ಲಿ ಜಾನ್ ಮೇಚಿನ್ ಪೈನ 100 ಅಂಕೆ ತೆಗೆದಿದ್ದೂ ಇದೇ 1/5ರ ಆರ್ಕ್‌ಟ್ಯಾನ್ ಜೊತೆ 1/239ರದ್ದನ್ನು ಬಳಸಿ. ತೆಗೆದಿಟ್ಟ ಚಿಹ್ನೆಯನ್ನು ಕೊನೆಯಲ್ಲಿ ಮರಳಿ ಹಚ್ಚಲು ಮರೆಯಬೇಡಿ.