2027ರ ಗುಮ್ಮ ಮತ್ತು ನನ್ನ ಮೂರನೇ ವರ್ಷ

ಕಳೆದ ವಾರ ಮತ್ತೊಂದು ಫೋನು. ಹುಬ್ಬಳ್ಳಿಯ ಹುಡುಗಿ, ಬಿಒಟಿ ಆಗಿದೆ, ಅಂದರೆ ಆಕ್ಯುಪೇಶನಲ್ ಥೆರಪಿಯ ಬ್ಯಾಚುಲರ್ಸ್ (ಕಾಯಿಲೆ, ಪೆಟ್ಟಿನ ನಂತರ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಲು ಕಲಿಸುವ ಚಿಕಿತ್ಸೆ), ಇಂಟರ್ನ್‌ಶಿಪ್ಪೂ ಮುಗಿದಿದೆ. ಅಮೆರಿಕಕ್ಕೆ ಬರಬೇಕು. "ಅಕ್ಕಾರ, ಮಾಸ್ಟರ್ಸ್ ಮಾಡ್ಲ್ಯೋ, ಒಟಿಡಿ ಮಾಡ್ಲ್ಯೋ? 2027ರಿಂದ ಡಾಕ್ಟರೇಟ್ ಕಂಪಲ್ಸರಿ ಅಂತಲ್ಲರೀ?" ಒಟಿಡಿ ಅಂದರೆ ಇದೇ ಥೆರಪಿಯ ಡಾಕ್ಟರೇಟ್.

ಅದೇ 2027! ನನ್ನನ್ನು ಹೆದರಿಸಿ, ಅಪ್ಪನ ಮನೆಪತ್ರ ಬ್ಯಾಂಕಿನಲ್ಲಿಡಿಸಿದ ಗುಮ್ಮ ಇನ್ನೂ ವಾಟ್ಸ್ಯಾಪ್‌ನಲ್ಲಿ ತಿರುಗುತ್ತಲೇ ಇದೆ. ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳಿ ಗಂಟಲು ಒಣಗಿತು, ಅದಕ್ಕೇ ಬರೆದಿಡುತ್ತಿದ್ದೇನೆ. ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆ, ಪ್ರವೇಶದ ಅರ್ಜಿಗೆ ಬರೆಯುವ ಎಸ್‌ಒಪಿ, ವೀಸಾ ಸಂದರ್ಶನಕ್ಕೆ ಯಾವ ಬಣ್ಣದ ಅಂಗಿ, ಇವೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟುಬಿಡೋಣ.

ಮೊದಲು ಆ ಗುಮ್ಮನ ಜಾತಕ. ಇಲ್ಲಿ ಆಕ್ಯುಪೇಶನಲ್ ಥೆರಪಿ ಕೋರ್ಸುಗಳಿಗೆ ಮಾನ್ಯತೆ ಕೊಡುವ ಮಂಡಳಿ ಎಸಿಒಟಿಇ. 2007ರಿಂದ ಈ ವೃತ್ತಿಗೆ ಕಾಲಿಡಲು ಕನಿಷ್ಠ ಮಾಸ್ಟರ್ಸ್ ಬೇಕು. ಅದಕ್ಕೂ ಮುಂಚೆ ಬ್ಯಾಚುಲರ್ಸ್ ಸಾಕಿತ್ತು. 2017ರ ಆಗಸ್ಟ್‌ನಲ್ಲಿ ಮಂಡಳಿ ಇನ್ನೊಂದು ಮೆಟ್ಟಿಲು ಏರಿಸಿತು: 2027ರ ಜುಲೈಯಿಂದ ಪ್ರವೇಶಮಟ್ಟದಲ್ಲಿ ಡಾಕ್ಟರೇಟ್ ಮಾತ್ರ. 2018ರ ಆಗಸ್ಟ್‌ನಲ್ಲಿ ಆ ಆದೇಶವನ್ನು ತಡೆಹಿಡಿಯಲಾಯಿತು. 2019ರ ಏಪ್ರಿಲ್‌ನಲ್ಲಿ ವೃತ್ತಿಸಂಘ ಎಒಟಿಎಯ ಪ್ರತಿನಿಧಿ ಸಭೆ ಎರಡೂ ದಾರಿ ಇರಲಿ ಎಂದು ಮತ ಹಾಕಿತು. ಅಲ್ಲಿಗೆ ಮುಗಿಯಿತು. ಮಾಸ್ಟರ್ಸ್ ಮಾಡಿದರೂ ಅದೇ ಪರೀಕ್ಷೆ, ಅದೇ ಲೈಸೆನ್ಸು.

ಇನ್ನು ನನ್ನ ಜಾತಕ ನೋಡಿ. 2017ರ ಕೊನೆಯಲ್ಲಿ ಬೆಂಗಳೂರಿನ ಒಬ್ಬ ಕನ್ಸಲ್ಟೆಂಟ್ ಹತ್ತಿರ ಕೂತಿದ್ದೆ. "ಮೇಡಂ, ಮಾಸ್ಟರ್ಸ್ ಮಾಡಿದ್ರೆ ಹತ್ತು ವರ್ಷದಲ್ಲಿ ಮನೆಗೆ ಕಳಿಸ್ತಾರೆ" ಅಂದ. ಶುದ್ಧ ಸುಳ್ಳು. ಆದೇಶ ಉಳಿದಿದ್ದರೂ ಆಗಲೇ ಲೈಸೆನ್ಸ್ ಇದ್ದವರನ್ನು ಅದು ಮುಟ್ಟುತ್ತಿರಲಿಲ್ಲ. ಕೇಳುವ ಬುದ್ಧಿ ನನಗಿರಲಿಲ್ಲ. ಮೂರು ವರ್ಷದ ಒಟಿಡಿಗೆ ಸೇರಿದೆ. 2018ರ ಆಗಸ್ಟ್‌ನಲ್ಲಿ ತರಗತಿ ಶುರುವಾಯಿತು. ಹೌದು, ಆದೇಶ ತಡೆಹಿಡಿದ ಅದೇ ತಿಂಗಳು. ಓರಿಯೆಂಟೇಶನ್‌ನಲ್ಲಿ ಕಾಫಿ ಕುಡಿಯುತ್ತಾ ಪಕ್ಕದವಳು ಸುದ್ದಿ ಹೇಳಿದಾಗ ಮೊದಲ ಕಂತಿನ ಫೀಸು ಕಟ್ಟಿ ನಾಲ್ಕು ದಿನವಾಗಿತ್ತು.

ಅದಾದರೂ ಸಣ್ಣ ತಪ್ಪು. ದೊಡ್ಡದು ಇನ್ನೊಂದಿದೆ, ಇದನ್ನು ನಿಧಾನವಾಗಿ ಓದಿ.

ಒಟಿಡಿ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಪದವಿಗಳಿವೆ. ಒಂದು ಎಂಟ್ರಿ-ಲೆವೆಲ್. ಥೆರಪಿಯ ಗಂಧಗಾಳಿ ಇಲ್ಲದವರಿಗೆ, ಸೈಕಾಲಜಿಯನ್ನೋ ಜೀವಶಾಸ್ತ್ರವನ್ನೋ ಓದಿ ಬಂದವರಿಗೆ ಅ ಆ ಇ ಈಯಿಂದ ಕಲಿಸುವಂಥದ್ದು. ಸುಮಾರು ಮೂರು ವರ್ಷ. ಇನ್ನೊಂದು ಪೋಸ್ಟ್-ಪ್ರೊಫೆಶನಲ್. ಈಗಾಗಲೇ ಥೆರಪಿಸ್ಟ್ ಆಗಿರುವವರಿಗೆ, ವರ್ಷವೋ ಎರಡು ವರ್ಷವೋ, ಬಹಳಷ್ಟು ಆನ್‌ಲೈನ್‌ನಲ್ಲಿ. ಮಾಸ್ಟರ್ಸ್‌ನಲ್ಲೂ ಇದೇ ಎರಡು ಜಾತಿ. ಎಸಿಒಟಿಇ ಮಾನ್ಯತೆ ಇರುವುದು ಮೊದಲ ಜಾತಿಗೆ ಮಾತ್ರ. ಎರಡನೆಯದು ಮಾನ್ಯತೆಯ ವ್ಯಾಪ್ತಿಗೇ ಬರುವುದಿಲ್ಲ, ಹಾಗಂತ ಅದು ಕಳಪೆಯಲ್ಲ.

ನಾನು ನಾಲ್ಕೂವರೆ ವರ್ಷ ಬಿಒಟಿ ಮಾಡಿದವಳು. ನನಗೆ ಸಲ್ಲುತ್ತಿದ್ದದ್ದು ಪೋಸ್ಟ್-ಪ್ರೊಫೆಶನಲ್ ಮಾಸ್ಟರ್ಸ್, 2019ರ ಹೊತ್ತಿಗೆ ಮುಗಿಯುತ್ತಿತ್ತು. ಸೇರಿದ್ದು ಎಂಟ್ರಿ-ಲೆವೆಲ್‌ಗೆ. ಕರಾವಳಿಯ ಕಾಲೇಜಿನಲ್ಲಿ ಬೆವರು ಸುರಿಸಿ ಬಿಡಿಸಿದ್ದ ಬ್ರೇಕಿಯಲ್ ಪ್ಲೆಕ್ಸಸ್ (ತೋಳಿನ ನರಜಾಲ) ಚಿತ್ರವನ್ನು ಎಸಿ ಕೋಣೆಯಲ್ಲಿ ಕೂತು ಮತ್ತೆ ಬಿಡಿಸಿದೆ, ಈ ಸಲ ಡಾಲರ್ ಕೊಟ್ಟು. ಹಳೆಯ ಕ್ರೆಡಿಟ್ ಒಂದನ್ನೂ ಒಪ್ಪಲಿಲ್ಲ. ಎರಡು ಡಜನ್ ವಾರಗಳ ಲೆವೆಲ್ ಟೂ ಫೀಲ್ಡ್‌ವರ್ಕ್, ಅಂದರೆ ರೋಗಿಗಳ ನಡುವೆ ನಡೆಯುವ ತರಬೇತಿ, ಅದರ ಮೇಲೆ ಡಾಕ್ಟರೇಟ್‌ಗೆಂದೇ ಇರುವ 14 ವಾರಗಳ ಕ್ಯಾಪ್‌ಸ್ಟೋನ್ ಎಂಬ ಕೊನೆಯ ಹಂತ. ಸಂಬಳವಿಲ್ಲ, ಫೀಸು ಮಾತ್ರ ಇದೆ. ಮೂರನೇ ವರ್ಷದ ಫೀಸೇ 34,000 ಡಾಲರ್, ಬಾಡಿಗೆ ಊಟ ಸೇರಿ 50,000 ದಾಟಿತು. ಆ ವರ್ಷಗಳಲ್ಲಿ ಗಳಿಸಬಹುದಾಗಿದ್ದ ಸಂಬಳವನ್ನು ಇದರಲ್ಲಿ ಸೇರಿಸಿಲ್ಲ. ಸೇರಿಸಿದರೆ ಅಪ್ಪ ಈ ಬರಹ ಓದುವುದು ಬೇಡ.

ಪ್ರತಿಯಾಗಿ ಸಿಕ್ಕಿದ್ದೇನು? ಮೊದಲ ಕೆಲಸದಲ್ಲಿ ನನ್ನ ಪಕ್ಕದ ಮೇಜಿನ ಹುಡುಗ ಮಾಸ್ಟರ್ಸ್. ಇಬ್ಬರಿಗೂ ಒಂದೇ ಸಂಬಳ. ಇದರ ಗುಟ್ಟು ಬಿಲ್ಲಿಂಗ್‌ನಲ್ಲಿದೆ. ಇಲ್ಲಿ ಚಿಕಿತ್ಸೆಯ ಹಣ ಬರುವುದು ಕೋಡ್‌ಗಳ ಲೆಕ್ಕದಲ್ಲಿ. 97530 ಅಂದರೆ ಥೆರಪ್ಯೂಟಿಕ್ ಆ್ಯಕ್ಟಿವಿಟಿ, 15 ನಿಮಿಷಕ್ಕೆ ಒಂದು ಯೂನಿಟ್. ಆ 15 ನಿಮಿಷ ಕೊಟ್ಟವರ ಹೆಸರಿನ ಮುಂದೆ ಮಾಸ್ಟರ್ಸ್‌ನ ಎಂಒಟಿ ಇದೆಯೋ ಒಟಿಡಿ ಇದೆಯೋ, ಹಿರಿಯರ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್‌ಗೆ ಬೇಕಿಲ್ಲ. ಆಸ್ಪತ್ರೆಗೆ ಬರುವ ದುಡ್ಡೇ ಅಷ್ಟಾದರೆ ನಿಮಗೆ ಹೆಚ್ಚು ಕೊಡುವುದು ಎಲ್ಲಿಂದ? ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರಲ್ಲಿ ಈ ವೃತ್ತಿಯ ಮಧ್ಯಮ ವಾರ್ಷಿಕ ಸಂಬಳ ಸುಮಾರು 96,000 ಡಾಲರ್. ರಾಜ್ಯ, ಆಸ್ಪತ್ರೆಯೋ ಶಾಲೆಯೋ ಮನೆಭೇಟಿಯೋ ಎನ್ನುವುದರ ಮೇಲೆ ಅದು ಏರಿಳಿಯುತ್ತದೆ. ಪದವಿಯಿಂದ ನಾನು ಕಂಡ ವ್ಯತ್ಯಾಸ ಕಾಫಿ ಖರ್ಚಿನಷ್ಟು.

ವೀಸಾಗೂ ಅಷ್ಟೇ. ಕೆಲಸದ ವೀಸಾ ಎಚ್-1ಬಿಯ 20,000 ಪ್ರತ್ಯೇಕ ಕೋಟಾಗೆ ಅಮೆರಿಕದ ಮಾಸ್ಟರ್ಸ್ ಸಾಕು, ಡಾಕ್ಟರೇಟ್‌ಗೆ ಬೇರೆ ಬಾಗಿಲಿಲ್ಲ. ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ನಿಮ್ಮ ಫಿಸಿಯೋ ಗೆಳೆಯರು ಹೇಳುವುದು ನಿಮಗೆ ಅನ್ವಯಿಸುವುದಿಲ್ಲ. ಅವರ ವೃತ್ತಿ ಇಲ್ಲಿ ನಿಜಕ್ಕೂ ಪೂರ್ತಿ ಡಾಕ್ಟರೇಟ್ ಆಗಿದೆ. ಗ್ರೀನ್ ಕಾರ್ಡ್‌ಗೆ, ಆ ಕೆಲಸಕ್ಕೆ ಇಲ್ಲಿನವರು ಸಿಗಲಿಲ್ಲವೆಂದು ತೋರಿಸಬೇಕಾದ ಕಾರ್ಮಿಕ ಇಲಾಖೆಯ ಪರ್ಮ್ ಹಂತ ತಪ್ಪಿಸುವ ಶೆಡ್ಯೂಲ್ ಎ ಪಟ್ಟಿಯಲ್ಲಿ ನರ್ಸುಗಳೂ ಫಿಸಿಯೋಗಳೂ ಇದ್ದಾರೆ, ನಾವಿಲ್ಲ. ಊರಲ್ಲಿ ನಮ್ಮನ್ನು ಫಿಸಿಯೋ ಅಂತಲೇ ಕರೆಯುತ್ತಾರೆ, ಒಟಿ ಅಂದರೆ ಆಪರೇಷನ್ ಥಿಯೇಟರ್ ಅಂದುಕೊಳ್ಳುತ್ತಾರೆ. ಇರಲಿ, ಅರ್ಜಿ ತುಂಬುವಾಗಲಾದರೂ ನಾವು ಬೇರೆ ಎಂದು ನೆನಪಿಡಿ.

ಹಾಗಾದರೆ ಬಿಒಟಿಯವರೆಲ್ಲ ಕಣ್ಣುಮುಚ್ಚಿ ಪೋಸ್ಟ್-ಪ್ರೊಫೆಶನಲ್ ಮಾಸ್ಟರ್ಸ್‌ಗೆ ಬನ್ನಿ ಅನ್ನಲೇ? ಕಣ್ಣು ತೆರೆದು ಬನ್ನಿ. ಅಲ್ಲೂ ಒಂದು ಗುಂಡಿಯಿದೆ, ಅದರಲ್ಲಿ ಬಿದ್ದವಳು ನನ್ನ ಬ್ಯಾಚ್‌ಮೇಟ್. ಎಂಟ್ರಿ-ಲೆವೆಲ್ ಮುಗಿಸಿದವರು ಲೈಸೆನ್ಸಿಗೆ ಬೇಕಾದ ಎನ್‌ಬಿಸಿಒಟಿ ಪರೀಕ್ಷೆಗೆ ನೇರವಾಗಿ ಕೂರಬಹುದು. ವಿದೇಶದಲ್ಲಿ ಥೆರಪಿ ಕಲಿತವರು ಮೊದಲು ಒಟಿಇಡಿ ಎಂಬ ಅರ್ಹತಾ ಪರಿಶೀಲನೆ ದಾಟಬೇಕು. ನಿಮ್ಮ ಕಾಲೇಜಿಗೆ ನಮ್ಮ ವೃತ್ತಿಯ ವಿಶ್ವ ಒಕ್ಕೂಟದ, ಅಂದರೆ ಡಬ್ಲ್ಯೂಎಫ್‌ಒಟಿಯ ಮನ್ನಣೆ ಇತ್ತೇ, 1,000 ಗಂಟೆಯ ಫೀಲ್ಡ್‌ವರ್ಕ್ ಆಗಿದೆಯೇ, ಎಲ್ಲಕ್ಕೂ ಕಾಗದ ಬೇಕು. ಅವಳು ಇದನ್ನು ಕೋರ್ಸ್ ಮುಗಿದ ಮೇಲೆ ಶುರು ಮಾಡಿದಳು. ಊರಿನ ಕಾಲೇಜಿನಲ್ಲಿ ಗಂಟೆಗಳ ಲೆಕ್ಕಕ್ಕೆ ಸಹಿ ಹಾಕಬೇಕಿದ್ದ ಮುಖ್ಯಸ್ಥರು ನಿವೃತ್ತರು. ಹೊಸಬರು "ನಮ್ಮ ಕಾಲದ್ದಲ್ಲ" ಅಂದರು. ಅವಳ ಅಣ್ಣ ಮೂರು ಸಲ ಕಾಲೇಜಿಗೆ ಅಲೆದ.

ಇತ್ತ ಗಡಿಯಾರ ಓಡುತ್ತಿತ್ತು. ಓದು ಮುಗಿದ ಮೇಲೆ ವಿದ್ಯಾರ್ಥಿ ವೀಸಾದಲ್ಲೇ ಕೆಲಸ ಮಾಡುವ ಅನುಮತಿಗೆ ಒಪಿಟಿ ಎನ್ನುತ್ತಾರೆ. ನಮ್ಮ ವಿಷಯ ಅದಕ್ಕೆ ಹೆಚ್ಚು ಕಾಲ ಸಿಗುವ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನ) ಪಟ್ಟಿಯಲ್ಲಿ ಇಲ್ಲ. ಸಾಫ್ಟ್‌ವೇರ್ ಕಸಿನ್‌ಗೆ ಮೂರು ವರ್ಷ ಒಪಿಟಿ ಸಿಕ್ಕಿದ್ದರೆ ಅದು ಅವನ ಪುಣ್ಯ, ನಮಗೆ 12 ತಿಂಗಳು ಅಷ್ಟೇ. ಅದರಲ್ಲೂ ಒಟ್ಟು 90 ದಿನಕ್ಕಿಂತ ಹೆಚ್ಚು ನಿರುದ್ಯೋಗಿಯಾಗಿರುವಂತಿಲ್ಲ. ಒಟಿಇಡಿ ಇಲ್ಲದೆ ಪರೀಕ್ಷೆಯಿಲ್ಲ, ಪರೀಕ್ಷೆಯಿಲ್ಲದೆ ರಾಜ್ಯದ ಲೈಸೆನ್ಸಿಲ್ಲ, ಲೈಸೆನ್ಸಿಲ್ಲದೆ ಕೆಲಸವಿಲ್ಲ. 71ನೇ ದಿನ ಅವಳು ಒಂದು ವೃದ್ಧಾಶ್ರಮದಲ್ಲಿ, ಲೈಸೆನ್ಸ್ ಬೇಡದ ಚಟುವಟಿಕೆಗಳಲ್ಲಿ, ವಾರಕ್ಕೆ 20 ಗಂಟೆ ಸ್ವಯಂಸೇವೆಗೆ ಸೇರಿ ಎಣಿಕೆ ನಿಲ್ಲಿಸಿದಳು. ನಿಯಮದಲ್ಲಿ ಅದಕ್ಕೆ ಅವಕಾಶವಿದೆ, ಕೆಲಸ ಓದಿದ ವಿಷಯಕ್ಕೆ ಸಂಬಂಧಿಸಿರಬೇಕು, ಕಾಗದ ಸರಿಯಿರಬೇಕು. ಐದು ತಿಂಗಳು ಹೀಗೇ ಹೋಯಿತು. ಆದರೂ ನನಗಿಂತ ಒಂದೂವರೆ ವರ್ಷ ಮುಂಚೆ ಅವಳ ಕೈಗೆ ಮೊದಲ ಸಂಬಳ ಬಂತು.

ಆದ್ದರಿಂದ ಬಿಒಟಿಯವರಿಗೆ ನಾನು ಹೇಳುವುದು ಇಷ್ಟೇ: ವಿಮಾನ ಹತ್ತುವ ಮುಂಚೆ ಒಟಿಇಡಿ ಕಡತ ತೆರೆಯಿರಿ. ಸೇರಲಿರುವ ವಿಶ್ವವಿದ್ಯಾಲಯಕ್ಕೆ ಇಮೇಲ್ ಬರೆದು, ನನ್ನಂಥ ಬಿಒಟಿ ಪದವೀಧರರು ನಿಮ್ಮ ಈ ಕೋರ್ಸ್ ಮುಗಿಸಿ ಎನ್‌ಬಿಸಿಒಟಿ ಬರೆದಿದ್ದಾರೆಯೇ ಎಂದು ಕೇಳಿ, ಉತ್ತರ ಬರಹದಲ್ಲೇ ತರಿಸಿಕೊಳ್ಳಿ. ಕೆಲವು ಪೋಸ್ಟ್-ಪ್ರೊಫೆಶನಲ್ ಒಟಿಡಿಗಳಿಗೆ ಸೇರಲು ಅಮೆರಿಕದ ಲೈಸೆನ್ಸ್ ಮೊದಲೇ ಇರಬೇಕು, ಪೂರ್ತಿ ಆನ್‌ಲೈನ್ ಕೋರ್ಸಿಗೆ ವಿದ್ಯಾರ್ಥಿ ವೀಸಾ ಸಿಗುವುದಿಲ್ಲ. ಇವೆರಡೂ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಇರುವುದಿಲ್ಲ.

ಗಂಡನ ಜೊತೆ ಅವಲಂಬಿತರ ಎಚ್-4 ವೀಸಾದಲ್ಲಿ ಬಂದು, ಸೈಕಾಲಜಿಯೋ ಹೋಮ್ ಸೈನ್ಸೋ ಓದಿದ್ದು ಈಗ ಥೆರಪಿಗೆ ಬರಬೇಕೆನ್ನುವ ಅಕ್ಕತಂಗಿಯರಿಗೆ: ನಿಮಗೆ ಎಂಟ್ರಿ-ಲೆವೆಲ್ ಮಾಸ್ಟರ್ಸ್. ಪ್ರವೇಶಕ್ಕೆ ಮೊದಲೇ ಬೇಕಾದ ಅನಾಟಮಿ, ಫಿಸಿಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಮುಂತಾದವನ್ನು ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಕಡಿಮೆ ಖರ್ಚಿನಲ್ಲಿ ಮುಗಿಸಿ.

ಡಾಕ್ಟರೇಟ್ ಯಾರಿಗೂ ಬೇಡ ಎಂದಲ್ಲ. ಪಾಠ ಮಾಡುವ ಆಸೆಯಿದ್ದರೆ ಬೇಕು, ವಿಭಾಗದ ಮುಖ್ಯಸ್ಥರಾಗಲು ಬೇಕೇ ಬೇಕು. ಆದರೆ ಅದನ್ನು ಕೆಲಸಕ್ಕೆ ಸೇರಿದ ಮೇಲೆ, ಸಾಧ್ಯವಾದರೆ ಆಸ್ಪತ್ರೆಯ ದುಡ್ಡಿನಲ್ಲಿ ಮಾಡಿ. ಸಂಶೋಧನೆಯಲ್ಲಿ ಮನಸ್ಸಿದ್ದರೆ ಒಟಿಡಿ ಬಿಟ್ಟು ಪಿಎಚ್‌ಡಿಗೆ ಹೋಗಿ. ಅಲ್ಲಿ ಎಷ್ಟೋ ಕಡೆ ಫೀಸು ಮನ್ನಾ, ಮೇಲೆ ಸ್ಟೈಪೆಂಡು. ಒಟಿಡಿಯಲ್ಲಿ ಡಾಕ್ಟರ್ ಆಗಲು ನೀವೇ ದುಡ್ಡು ಕೊಡಬೇಕು. ನಮ್ಮಮ್ಮ ಮಾತ್ರ ಇದನ್ನು ಒಪ್ಪುವುದಿಲ್ಲ, ಮದುವೆಮನೆಗಳಲ್ಲಿ "ಮಗಳು ಅಮೆರಿಕದಲ್ಲಿ ಡಾಕ್ಟ್ರು" ಅನ್ನುತ್ತಾರೆ, ಯಾರಾದರೂ ಮಂಡಿನೋವಿಗೆ ಮಾತ್ರೆ ಕೇಳುವವರೆಗೆ.

ಎರಡೂ ದೇಶದಲ್ಲಿ ಓದಿದ ಹಕ್ಕಿನಿಂದ ಒಂದು ಮಾತು. ಕೈಯ ಕೆಲಸ ಕಲಿಸುವುದರಲ್ಲಿ ನಮ್ಮ ಬಿಒಟಿ ಏನೂ ಕಡಿಮೆಯಿಲ್ಲ, ವಾರ್ಡಿನಲ್ಲಿ ನಾನು ನೋಡಿದಷ್ಟು ರೋಗಿಗಳನ್ನು ಇಲ್ಲಿನ ಸಹಪಾಠಿಗಳು ನೋಡಿರಲಿಲ್ಲ. ಪಾರ್ಶ್ವವಾಯು ಆದವರಿಗೆ ಇಲ್ಲಿ ಚಮಚ ಹಿಡಿಯಲು ಕಲಿಸುತ್ತಾರೆ. ಅನ್ನ ಕಲಸಿ ತುತ್ತು ಮಾಡಲು ಐದೂ ಬೆರಳು ಒಂದಾಗಬೇಕಲ್ಲ, ಅದಕ್ಕೆ ಇಲ್ಲಿನ ಪಠ್ಯದಲ್ಲಿ ಪುಟವೇ ಇಲ್ಲ. ಆದರೆ ರೋಗಿಯ ಮನೆಗೇ ಹೋಗಿ, ಬಚ್ಚಲಿನ ಅಂಚು ಎಷ್ಟು ಇಂಚು ಎಂದು ಅಳೆದು, ಅಡುಗೆಮನೆಯ ಡ್ರಾಯರ್ ತೆಗೆದು ನೋಡಿ, ಬರೆದಿಡುವ ಶಿಸ್ತು ಕಲಿತದ್ದು ಇಲ್ಲೇ. ಆ ಶಿಸ್ತಿಗೆ ಮೂರನೇ ವರ್ಷ ಬೇಕಿರಲಿಲ್ಲ.

ಹುಬ್ಬಳ್ಳಿಯವಳಿಗೆ ಇದನ್ನೆಲ್ಲ ಹೇಳಿ, ಮೊದಲು ಕಾಲೇಜಿಗೆ ಹೋಗಿ ಟ್ರಾನ್ಸ್‌ಕ್ರಿಪ್ಟು, ಫೀಲ್ಡ್‌ವರ್ಕ್ ಗಂಟೆಗಳ ಪತ್ರ ಎರಡನ್ನೂ ಮಾಡಿಸಿಕೊ ಅಂದೆ. ನಿನ್ನೆ ಮೆಸೇಜ್ ಬಂತು. ಹೋಗಿದ್ದಳಂತೆ. ಕ್ಲರ್ಕ್ ರಜೆಯಂತೆ, ಸೋಮವಾರ ಬರ್ರಿ ಅಂದರಂತೆ.