ಒಬ್ಬರೇ ಇರುವಾಗ ಸ್ಪಿನೇಕರ್: ಮೊದಲು ಇಳಿಸೋದು ಕಲಿಯಿರಿ

ನಮ್ಮದು ತಿಪಟೂರು ಕಡೆಯ ಹಳ್ಳಿ. ನಾನು ಈಜು ಕಲಿತದ್ದು ತೆಂಗಿನ ತೋಟದ ಬಾವಿಯಲ್ಲಿ. ಹಾಯಿದೋಣಿ ಹತ್ತಿದ್ದು ಮೂವತ್ತೆಂಟನೇ ವಯಸ್ಸಿನಲ್ಲಿ, ಕೆಲಸಕ್ಕೆ ಅಂತ ನೆದರ್ಲೆಂಡ್ಸ್‌ಗೆ ಬಂದ ಮೇಲೆ. ಈಗ ಶನಿವಾರ ಗಾಳಿ ಚೆನ್ನಾಗಿದ್ದರೆ ಆಮ್‌ಸ್ಟರ್‌ಡ್ಯಾಮ್ ಪಕ್ಕದ ಐಮೇರ್ ಕೆರೆಯಲ್ಲಿ ಒಬ್ಬನೇ ಕ್ಯಾಟಮರಾನ್ ಓಡಿಸುತ್ತೇನೆ. ಜೊತೆಗೆ ಬರಬೇಕಿದ್ದ ಹೆಂಡತಿ ‘ಒಂದು ದಿನ ದಡದಲ್ಲಿ ಕೂತು ನೋಡ್ತೀನಿ’ ಅಂದಳು. ನೋಡಿದಳು. ಆಮೇಲೆ ಹತ್ತಲಿಲ್ಲ. ಅವತ್ತು ಏನಾಯಿತು ಅಂತ ಮುಂದೆ ಹೇಳುತ್ತೇನೆ.

ನನ್ನದು ಸೆಕೆಂಡ್ ಹ್ಯಾಂಡ್ ಎಫ್16. ಉದ್ದ 5 ಮೀಟರ್, ಅಗಲ ಎರಡೂವರೆ. ಎರಡು ಸಣಕಲು ಒಡಲು, ನಡುವೆ ಬಿಗಿದು ಕಟ್ಟಿದ ಬಟ್ಟೆಯ ನೆಲ, ಅಂದರೆ ಟ್ರ್ಯಾಂಪೊಲಿನ್, ಅಷ್ಟೇ. ಕ್ಯಾಟಮರಾನ್ ಅನ್ನುವ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು ಅಂದರೆ ಇಲ್ಲಿಯವರು ಮೊದಲು ನಂಬುವುದೇ ಇಲ್ಲ. ಒಬ್ಬರೇ ಹೋಗುವಾಗ ಇದಕ್ಕೆ ಜಿಬ್, ಅಂದರೆ ಮುಂದಿನ ಚಿಕ್ಕ ಹಾಯಿ, ಕಟ್ಟುವುದಿಲ್ಲ. ಇರುವ ಹಾಯಿ ಎರಡೇ. ಸುಮಾರು 15 ಚದರ ಮೀಟರಿನ ಮುಖ್ಯ ಹಾಯಿ ಮೇನ್, ಅದಕ್ಕಿಂತ ದೊಡ್ಡದಾದ 17.5 ಚದರ ಮೀಟರಿನ ಸ್ಪಿನೇಕರ್. ಇಲ್ಲಿ ಇದನ್ನು ಸ್ಪಿ ಅಂತ ಚಿಕ್ಕದಾಗಿ ಕರೆಯುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಗಾಳಿ ಬೆನ್ನಿಗಿದ್ದಾಗ ಮಾತ್ರ ಏರಿಸುವ ತೆಳು ಬಟ್ಟೆಯ ಹಾಯಿ ಇದು. ಮದುವೆ ಶಾಮಿಯಾನ ಗೂಟ ಕಿತ್ತುಕೊಂಡು ಹೊರಟರೆ ಹೇಗಿರುತ್ತದೆ? ಗಾಳಿ ತುಂಬಿದ ಸ್ಪಿ ಹಾಗೆ. ದೋಣಿ ನೂರು ಕಿಲೋ ಚಿಲ್ಲರೆ, ನಾನು 68. ಬಲದಿಂದ ಇದನ್ನು ಗೆಲ್ಲುತ್ತೇನೆ ಅನ್ನುವ ಆಸೆ ಮೊದಲೇ ಬಿಡಬೇಕು.

ದಿಕ್ಕಿನ ಮಾತು ಮೊದಲು. ಹೊಳೆಗೆ ಮೇಲು ಕೆಳಗು ಇರುವ ಹಾಗೆ ಗಾಳಿಗೂ ಇದೆ. ಗಾಳಿ ಬರುವ ಕಡೆ ಮೇಲೆ, ಹೋಗುವ ಕಡೆ ಕೆಳಗೆ. ಸ್ಪಿಯ ಮುಕ್ಕಾಲು ಪಾಲು ವಿದ್ಯೆ ಒಂದೇ ಮಾತಿನಲ್ಲಿದೆ: ಅನುಮಾನ ಬಂದರೆ ಕೆಳಗೆ ತಿರುಗಿಸಿ. ಕೆಳಗೆ ತಿರುಗಿದಾಗ ಸ್ಪಿ ಮೇನ್ ಹಾಯಿಯ ಮರೆಗೆ ಬರುತ್ತದೆ. ನೆರಳಿಗೆ ಬಂದ ದನದ ಹಾಗೆ ಮೆತ್ತಗಾಗುತ್ತದೆ. ಏರಿಸುವುದು, ಇಳಿಸುವುದು, ಗಂಟು ಬಿಡಿಸುವುದು, ಎಲ್ಲವೂ ಅಲ್ಲೇ ಆಗಬೇಕು. ಆದರೆ ತೀರಾ ಕೆಳಗೆ ಹೋದರೆ ಮೇನ್ ತಾನಾಗೇ ಆಚೆ ಮಗ್ಗುಲಿಗೆ ಹಾರುತ್ತದೆ, ತಲೆ ಹುಷಾರು.

ಶುರು ಮಾಡುವುದು ನೀರಿನಲ್ಲಲ್ಲ, ಮರಳಿನ ಮೇಲೆ. ಗಾಳಿ ಎರಡು ಬೋಫರ್ಟ್‌ಗಿಂತ (ಗಾಳಿಯ ಬಲದ ಅಳತೆ) ಜಾಸ್ತಿ ಇರದ ದಿನ ದೋಣಿಯ ಮೂತಿಯನ್ನು ಗಾಳಿ ಹೋಗುವ ಕಡೆಗೆ ಇಟ್ಟು, ಹಿಂದಿನಿಂದ ಗಟ್ಟಿಯಾಗಿ ಕಟ್ಟಿ. ಟ್ರ್ಯಾಂಪೊಲಿನ್ ಮೇಲೆ ಮಂಡಿಯೂರಿ, ಏರಿಸಿ ಇಳಿಸಿ. ನಾನು ಒಂದು ಭಾನುವಾರ ಪೂರ್ತಿ ಇದನ್ನೇ ಮಾಡಿದೆ. ನಾಯಿ ವಾಕಿಂಗಿಗೆ ಬಂದವರು ನಿಂತು ನೋಡಿ ಹೋದರು. ನಾಚಿಕೆ ಪಡಬೇಡಿ.

ಹಗ್ಗದ ದಾರಿ ಕಣ್ಣು ಮುಚ್ಚಿದರೂ ಗೊತ್ತಿರಬೇಕು. ಏರಿಸುವ ಹಗ್ಗ ಬೇರೆ, ಇಳಿಸುವ ಹಗ್ಗ ಬೇರೆ ಅಂತ ಕಾಣುತ್ತದೆ. ಆದರೆ ಅದು ಒಂದೇ ಹಗ್ಗದ ಎರಡು ತುದಿ. ಒಂದು ತುದಿ ಹಾಯಿಕಂಬದ ಮೇಲಿನ ರಾಟೆ ದಾಟಿ ಸ್ಪಿಯ ತಲೆಗೆ ಕಟ್ಟಿದೆ. ಇನ್ನೊಂದು ತುದಿ ಸ್ನಫರ್ ಒಳಗಿಂದ ಹೋಗಿ ಸ್ಪಿಯ ಹೊಟ್ಟೆಗೆ ಹೊಲಿದ ತೇಪೆಗೆ ಕಟ್ಟಿದೆ. ಸ್ನಫರ್ ಅಂದರೆ ದೋಣಿಯ ಮುಂದಕ್ಕೆ ಚಾಚಿದ ಕೋಲಿನ ಕೆಳಗೆ ಅಗಲ ಬಾಯಿ ತೆರೆದುಕೊಂಡಿರುವ ಉದ್ದನೆ ಬಟ್ಟೆ ಕೊಳವೆ. ಇಳಿಸುವ ತುದಿ ಎಳೆದರೆ ಸ್ಪಿ ಹೊಟ್ಟೆ ಮೊದಲಾಗಿ ಅದರೊಳಗೆ ನುಗ್ಗುತ್ತದೆ. ನನ್ನ ದೋಣಿಯಲ್ಲಿ ಸ್ಪಿಯ ಮುಂದಿನ ಮೂಲೆಯನ್ನು ಕೋಲಿನ ತುದಿಗೆ ಎಳೆಯುವುದೂ ಇದೇ ಹಗ್ಗ. ಇದು ಬಿಟ್ಟರೆ ಶೀಟ್. ಶೀಟ್ ಅಂದರೆ ಬಟ್ಟೆಯಲ್ಲ, ಹಾಯಿಯ ಹಿಂದಿನ ಮೂಲೆ ಹಿಡಿಯುವ ಹಗ್ಗ. ಮೊದಲ ತಿಂಗಳು ಈ ಹೆಸರೇ ನನ್ನ ತಲೆ ತಿಂದಿತ್ತು.

ಎಳೆಯುವ ರೀತಿಯನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ಬಾವಿಯಿಂದ ನೀರು ಸೇದಿದವರಿಗೆ ಅದು ಕೈಯಲ್ಲೇ ಇರುತ್ತದೆ. ಒಂದು ಕೈ ಬಿಡುವ ಮೊದಲು ಇನ್ನೊಂದು ಕೈ ಹಿಡಿದಿರಬೇಕು. ಉದ್ದ ಎಳೆತ, ನಡುವೆ ನಿಲ್ಲಿಸಬಾರದು. ಕೊಡ ಅರ್ಧ ಬಾವಿಯಲ್ಲಿ ನಿಂತರೆ ಗೋಡೆಗೆ ಬಡಿಯುತ್ತದೆ ಅಲ್ವಾ, ಅರ್ಧಕ್ಕೆ ನಿಂತ ಸ್ಪಿ ಕೂಡ ಅಷ್ಟೇ. ಕೆಲವರು ಎರಡು ಕೈಯಲ್ಲೂ ಗಿಡ್ಡ ಗಿಡ್ಡ ಎಳೆತ ಹಾಕುತ್ತಾರೆ, ನೋಡಿದರೇ ಗೊತ್ತಾಗುತ್ತದೆ ಬಾವಿ ಕಂಡವರಲ್ಲ ಅಂತ.

ಎರಡೂ ಕೈ ಹಗ್ಗದ ಮೇಲಿದ್ದರೆ ಚುಕ್ಕಾಣಿ ಯಾರು ಹಿಡಿಯುತ್ತಾರೆ? ಒಬ್ಬರೇ ಹೋಗುವವರ ನಿಜವಾದ ಕಷ್ಟ ಇದು. ನಾನು ಟ್ರ್ಯಾಂಪೊಲಿನ್ ನಡುವೆ ಹಿಂದಕ್ಕೆ ಸರಿದು, ಮುಂದೆ ಮುಖ ಮಾಡಿ ಮಂಡಿಯೂರುತ್ತೇನೆ. ಚುಕ್ಕಾಣಿಯ ಉದ್ದ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಚುಕ್ಕಾಣಿ ಜೋಡಿಸುವ ಹಿಂದಿನ ಅಡ್ಡಪಟ್ಟಿಗೆ ಪಾದ ತಾಗಿಸಿ ಇಟ್ಟುಕೊಳ್ಳುತ್ತೇನೆ. ಪಾದದಿಂದಲೇ ಅದನ್ನು ಎರಡು ಬೆರಳಷ್ಟು ಅತ್ತ ಇತ್ತ ಮಾಡಬಹುದು. ಕಣ್ಣು ಮುಂದೆ ಇರಬೇಕು, ಹಗ್ಗ ಕಚ್ಚಿ ಹಿಡಿಯುವ ಕ್ಲೀಟ್ ಮೇಲಲ್ಲ. ಕ್ಲೀಟ್ ನೋಡಲು ತಲೆ ಬಗ್ಗಿಸಿದಾಗಲೇ ನನಗೆ ಅವತ್ತು ಗ್ರಹಚಾರ ಕೆಟ್ಟದ್ದು.

ಆಗಸ್ಟ್ ತಿಂಗಳು. ನೈಋತ್ಯ ಗಾಳಿ, ನಾಲ್ಕು ಬೋಫರ್ಟ್, ನಡುನಡುವೆ ಐದು. ಮೌಡರ್‌ಬರ್ಖ್ ದಡದಿಂದ ಹೊರಟು, ಪಂಪಸ್ ಕೋಟೆಯ ದ್ವೀಪದ ಹತ್ತಿರ ಸ್ಪಿ ಏರಿಸಿ ಆಲ್ಮೇರ ಕಡೆ ಹಾರಿದೆ. ಅಷ್ಟು ವೇಗ ನಾನು ಸ್ಕೂಟರಿನಲ್ಲೂ ಹೋದವನಲ್ಲ. ದಡ ಹತ್ತಿರ ಬಂತು, ಇಳಿಸಬೇಕು. ತಲೆ ಬಗ್ಗಿಸಿ ಏರಿಸುವ ಹಗ್ಗವನ್ನು ಕ್ಲೀಟಿನಿಂದ ಬಿಟ್ಟೆ. ಆಗ ನೆನಪಾಯಿತು, ಇಳಿಸುವ ತುದಿಯ ಸಡಿಲ ಎಳೆದುಕೊಂಡಿಲ್ಲ ಅಂತ. ಅಷ್ಟರಲ್ಲಿ ನನ್ನ ಮಂಡಿ ಚುಕ್ಕಾಣಿಗೆ ತಾಗಿ ದೋಣಿ ಮೇಲಕ್ಕೆ ತಿರುಗಿತ್ತು. ಸ್ಪಿ ಮೂತಿಯ ಮುಂದೆ ನೀರಿಗೆ ಬಿತ್ತು. ಮೀನಿನ ಬಲೆ ಹಾಗೆ ನೀರು ತುಂಬಿಕೊಂಡಿತು. ದೋಣಿ ತನ್ನ ಹಾಯಿಯ ಮೇಲೇ ಹತ್ತಿತು, ಬ್ರೇಕ್ ಹಾಕಿದಂತೆ ನಿಂತಿತು, ನಾನು ಹಾರಿ ಕಂಬದ ಆಚೆ ಬಿದ್ದೆ, ದೋಣಿ ಮುಗುಚಿತು.

ಈ ಕೆರೆಯ ಆಳ ಎಷ್ಟು ಅಂದುಕೊಂಡಿರಿ? ಹೆಚ್ಚು ಕಡೆ ಮೂರು ನಾಲ್ಕು ಮೀಟರ್. ನನ್ನ ಕಂಬ ಎಂಟೂವರೆ ಮೀಟರ್. ದೋಣಿ ಪೂರ್ತಿ ತಿರುಗಲೂ ಇಲ್ಲ, ಏಳಲೂ ಇಲ್ಲ. ಕಂಬದ ತುದಿ ಕೆಸರಿನಲ್ಲಿ ನಾಟಿಕೊಂಡು ಬಿಟ್ಟಿತು. ಸ್ಪಿಯ ತುಂಬ ಬೇಸಿಗೆಯಲ್ಲಿ ಇಲ್ಲಿ ನೀರಿನೊಳಗೆ ಬೆಳೆಯುವ ಫೊಂಟೇನ್‌ಕ್ರೌಟ್ ಅನ್ನುವ ಜೊಂಡು. ಇನ್ನೊಂದು ಕ್ಯಾಟಮರಾನಿನ ಅಜ್ಜ ಬಂದು ನಿಧಾನಕ್ಕೆ ಎಳೆದರು. ಕಂಬ ಬಂತು, ತುದಿಗೆ ಒಂದು ಮಾರು ಕಪ್ಪು ಕೆಸರು. ದಡಕ್ಕೆ ಬಂದಾಗ ಹೆಂಡತಿ ಟವೆಲ್ ಕೊಟ್ಟು, “ರೀ, ಮುಂದಿನ ಸಲ ಊರಿಂದ ಪಾತಾಳಗರಡಿ ತರಿಸಲಾ?” ಅಂದಳು.

ಆ ಅಜ್ಜ ಹೇಳಿದ್ದು ಇಷ್ಟೇ: ‘ನೀನು ಏರಿಸುವುದು ಕಲಿತಿದ್ದೀಯ, ಇಳಿಸುವುದು ಕಲಿತಿಲ್ಲ.’ ಆದ್ದರಿಂದ ಇಳಿಸುವ ಕ್ರಮ ಮೊದಲು. ಜಾಗ ಇರುವಾಗಲೇ ಇಳಿಸಿ, ದಡ ಕಂಡ ಮೇಲಲ್ಲ. ದೋಣಿಯನ್ನು ಕೆಳಗೆ ತಿರುಗಿಸಿ. ಶೀಟನ್ನು ಪಾದದ ಕೆಳಗೆ ತುಳಿದುಕೊಳ್ಳಿ, ಪೂರ್ತಿ ಬಿಟ್ಟರೆ ಹಾಯಿ ಮುಂದೆ ಹಾರಿ ನೀರಿಗೆ ಬೀಳುತ್ತದೆ. ಇಳಿಸುವ ತುದಿಯನ್ನು ಬಿಗಿಯಾಗುವ ತನಕ ಎಳೆದುಕೊಳ್ಳಿ. ಅದು ಬಿಗಿಯಾದ ಮೇಲೆ ಮಾತ್ರ ಇನ್ನೊಂದು ತುದಿಯನ್ನು ಕ್ಲೀಟಿನಿಂದ ಕಿತ್ತು ಬಿಡಿ. ಆಮೇಲೆ ಸೇದಿ, ನಿಲ್ಲಿಸಬೇಡಿ. ನನಗೆ ಹನ್ನೆರಡು ಹದಿಮೂರು ಎಳೆತ ಬೇಕು, ಬಾಯಲ್ಲೇ ಎಣಿಸುತ್ತೇನೆ. ಏಳನೆಯದಕ್ಕೆ ಸಿಕ್ಕಿಕೊಂಡರೆ ಹೆಚ್ಚಾಗಿ ಹಿಂದೆ ಹಗ್ಗ ಗಂಟಾಗಿರುತ್ತದೆ. ಗಾಬರಿಯಾಗಿ ಮೇಲೆ ತಿರುಗಿಸಬೇಡಿ. ಕೆಳಗೇ ಓಡುತ್ತಾ ಗಂಟು ಬಿಡಿಸಿ. ಹೊರಡುವ ಮೊದಲು ಇಡೀ ಹಗ್ಗವನ್ನು ಒಂದು ಸಲ ಕೈಯಲ್ಲಿ ಜಾರಿಸಿ ಸುರುಳಿ ಬಿಡಿಸಿಟ್ಟರೆ ಈ ಪಾಡು ಅಪರೂಪ.

ಏರಿಸುವುದು ಇದರ ತಿರುಗುಮುರುಗು, ಸುಲಭ. ಮೊದಲು ಗಾಳಿಗೆದುರಾಗಿ ಸಾಕಷ್ಟು ಮೇಲೆ ಹೋಗಿ. ಸ್ಪಿಯಲ್ಲಿ ಹತ್ತು ನಿಮಿಷ ಹೋದ ದೂರವನ್ನು ವಾಪಸ್ ಬರಲು ಅದರ ಎರಡು ಮೂರು ಪಟ್ಟು ಹೊತ್ತು ಬೇಕು. ಕೆಳಗೆ ತಿರುಗಿಸಿ, ಮಂಡಿಯೂರಿ, ಒಂದೇ ಉಸಿರಿಗೆ ಎಳೆಯಿರಿ. ಹಗ್ಗಕ್ಕೆ ನಾನು ಕೆಂಪು ದಾರ ಸುತ್ತಿದ್ದೇನೆ. ದಾರ ಕ್ಲೀಟಿಗೆ ಬಂದರೆ ಹಾಯಿ ಪೂರ್ತಿ ಮೇಲಿದೆ ಅಂತ ಅರ್ಥ, ತಲೆ ಎತ್ತಿ ನೋಡಬೇಕಿಲ್ಲ. ಆಮೇಲೆ ಗಾಳಿ ಬರುವ ಬದಿಯ ಒಡಲಿನ ಮೇಲೆ ಹಿಂದಕ್ಕೆ ಸರಿದು ಕೂರಿ. ಮೂತಿ ನೀರಿಗೆ ಚುಚ್ಚಿದರೆ ದೋಣಿ ಮುಂದಕ್ಕೆ ಪಲ್ಟಿ ಹೊಡೆಯುತ್ತದೆ. ತಂತಿಗೆ ಜೋತುಬಿದ್ದು ದೋಣಿಯಾಚೆ ವಾಲುವ ಟ್ರಪೀಜ್ ಸುದ್ದಿ ಮೊದಲ ವರ್ಷ ಬೇಡ.

ಒಂದು ಎಚ್ಚರಿಕೆ. ಸ್ಪಿ ಮೇಲಿರುವಾಗ ಮೇನ್‌ಶೀಟನ್ನು ಪೂರ್ತಿ ಸಡಿಲ ಬಿಡಬೇಡಿ. ನಮ್ಮ ಕಂಬಕ್ಕೆ ಹಿಂದಿನಿಂದ ಹಿಡಿಯುವ ತಂತಿ ಇಲ್ಲ. ಬದಿಯ ತಂತಿಗಳು ಕಂಬದ ತುದಿಯವರೆಗೆ ಹೋಗುವುದಿಲ್ಲ, ಸ್ಪಿ ಎಳೆಯುವುದು ಅವುಗಳಿಗಿಂತ ಮೇಲಿನಿಂದ. ಆ ತುದಿಯನ್ನು ಹಿಂದಕ್ಕೆ ಹಿಡಿದಿಡುವುದು ಬಿಗಿದ ಮೇನ್ ಮಾತ್ರ. ಅದನ್ನು ಬಿಟ್ಟರೆ ಕಂಬ ಬಾಗುತ್ತದೆ, ಮುರಿಯಲೂಬಹುದು. ನಾನು ಮೇನ್‌ಶೀಟನ್ನು ಬಿಗಿದು ಕ್ಲೀಟಿಗೆ ಹಾಕಿ ಮರೆತು ಬಿಡುತ್ತೇನೆ. ಒಂದು ಕೈಗೆ ಚುಕ್ಕಾಣಿ, ಇನ್ನೊಂದಕ್ಕೆ ಸ್ಪಿ ಶೀಟ್, ಲೆಕ್ಕ ಸರಿಹೋಯಿತು.

ಶೀಟನ್ನು ಎಷ್ಟು ಎಳೆಯಬೇಕು? ಸ್ಪಿಯ ಮುಂದಿನ ಅಂಚನ್ನು ನೋಡುತ್ತಾ ನಿಧಾನಕ್ಕೆ ಬಿಡಿ. ಅಂಚು ಒಂದು ಗೇಣು ಒಳಕ್ಕೆ ಮಡಚಿಕೊಳ್ಳುತ್ತದೆ, ಒಣಗಿದ ಬಾಳೆಲೆಯ ಅಂಚಿನ ಹಾಗೆ. ಆಗ ಸ್ವಲ್ಪ ಎಳೆಯಿರಿ. ಮತ್ತೆ ಬಿಡಿ. ಇದೇ ಆಟ ಕೊನೆಯವರೆಗೆ. ಅಂಚು ಅಲ್ಲಾಡದೆ ಬಿಗಿಯಾಗಿ ನಿಂತಿದೆ ಅಂದರೆ ಜಾಸ್ತಿ ಎಳೆದಿದ್ದೀರಿ ಅಂತಲೇ ಅರ್ಥ.

ಗಾಳಿಯ ಹೊಡೆತ ಬಂದಾಗ ಮೈ ಹೇಳುವುದನ್ನು ಕೇಳಬೇಡಿ. ಗಾಳಿಗೆದುರು ಹೋಗುವಾಗ ಹೊಡೆತ ಬಂದರೆ ದೋಣಿಯನ್ನು ಸ್ವಲ್ಪ ಮೇಲಕ್ಕೆ ತಿರುಗಿಸುವುದು ಅಭ್ಯಾಸ. ಸ್ಪಿ ಇದ್ದಾಗ ಅದೇ ಅಭ್ಯಾಸ ಮುಗುಚಿ ಹಾಕುತ್ತದೆ. ಒಡಲು ಏಳುತ್ತಿದೆ ಅನ್ನಿಸಿದ ಕ್ಷಣ ಕೆಳಗೆ ತಿರುಗಿಸಿ, ದೋಣಿಯನ್ನು ಹಾಯಿಯ ಅಡಿಗೆ ತನ್ನಿ. ಜೊತೆಗೇ ಸ್ಪಿ ಶೀಟನ್ನು ಒಂದು ಮೊಳ ಬಿಡಿ. ಹೊಡೆತ ಹೋದ ಮೇಲೆ ಮತ್ತೆ ಮೇಲಕ್ಕೆ. ನೀರಿನ ಮೇಲೆ ಅಲೆಅಲೆಯಾಗಿ ಬಳಸಿಕೊಂಡು ಹೋಗುತ್ತೀರಿ. ಕ್ಯಾಟಮರಾನ್ ಹೇಗೂ ನೇರ ಕೆಳಗೆ ಓಡುವುದಿಲ್ಲ, ಓರೆಯಾಗಿ ಹೋದರೇ ವೇಗ.

ಬದಿ ಬದಲಿಸುವಾಗ, ಅಂದರೆ ಜೈಬ್, ಅವಸರ ಒಂದೇ ಶತ್ರು. ಹೊಸ ಬದಿಯ ಶೀಟನ್ನು ಮೊದಲೇ ಕೈಗೆ ತೆಗೆದುಕೊಳ್ಳಿ. ನಿಧಾನಕ್ಕೆ ಕೆಳಗೆ ತಿರುಗಿಸುತ್ತಾ ಮಂಡಿಯಲ್ಲಿ ಆಚೆ ಬದಿಗೆ ಹೋಗಿ. ಮೇನ್ ದಾಟುವ ತನಕ ಹಳೆ ಶೀಟ್ ಬಿಗಿ ಇರಲಿ, ಇಲ್ಲದಿದ್ದರೆ ಸ್ಪಿ ಮುಂದಿನ ತಂತಿಗೆ ಸುತ್ತಿಕೊಳ್ಳುತ್ತದೆ. ಮೇನ್ ದಾಟಿತು, ಹಳೆಯದನ್ನು ಬಿಡಿ, ಹೊಸದನ್ನು ಎಳೆಯಿರಿ. ಹಾಯಿ ತುಂಬುವ ಮೊದಲು ಮೇಲಕ್ಕೆ ತಿರುಗಿಸಬೇಡಿ.

ಮುಗುಚೇ ಮುಗುಚುತ್ತೀರಿ, ಅದರಲ್ಲಿ ಅನುಮಾನ ಇಲ್ಲ. ಆಗ ಈಜುತ್ತಲೇ ಸ್ಪಿಯನ್ನು ಸ್ನಫರ್ ಒಳಗೆ ಎಳೆದುಕೊಳ್ಳಿ, ಎಬ್ಬಿಸುವುದು ಆಮೇಲೆ. ಸ್ಪಿ ಮೇಲಿಟ್ಟುಕೊಂಡು ಎಬ್ಬಿಸಿದರೆ ಇನ್ನೊಂದು ಮಗ್ಗುಲಿಗೆ ಬೀಳುತ್ತದೆ. ಈ ಹೊತ್ತಿಗೆ ಮಾತ್ರ ಮೇನ್‌ಶೀಟನ್ನು ಪೂರ್ತಿ ಬಿಡಿ, ಮೂತಿ ಗಾಳಿಗೆ ತಿರುಗಲಿ, ಎಬ್ಬಿಸುವ ಹಗ್ಗ ಹಿಡಿದು ಹಿಂದಕ್ಕೆ ವಾಲಿ. ನನ್ನ 68 ಕಿಲೋ ಸಾಲುವುದಿಲ್ಲ ಅಂತ ಹೆಗಲಿಗೆ ಹಾಕುವ ನೀರಿನ ಚೀಲ ಒಂದು ಇಟ್ಟಿದ್ದೇನೆ. ಕೆರೆ ನೀರನ್ನೇ ತುಂಬಿಸಿಕೊಂಡರೆ ಇಪ್ಪತ್ತು ಕಿಲೋ ಜಾಸ್ತಿಯಾಗುತ್ತದೆ. ಎರಡು ಸಲ ಪ್ರಯತ್ನಿಸಿ ಆಗದಿದ್ದರೆ ಹಟ ಬೇಡ, ವಿಎಚ್‌ಎಫ್ ರೇಡಿಯೋ ಎತ್ತಿ. 1824ರಿಂದ ಇರುವ ಇಲ್ಲಿನ ಜಲರಕ್ಷಣಾ ಸಂಸ್ಥೆ ಕೆಎನ್‌ಆರ್‌ಎಂನ ಸ್ವಯಂಸೇವಕರು ಬರುತ್ತಾರೆ, ಜೀವ ಉಳಿಸಲು ದುಡ್ಡು ಕೇಳುವುದಿಲ್ಲ. ರೇಡಿಯೋ ಮೈಮೇಲೆ ಕಟ್ಟಿರಬೇಕು, ದೋಣಿಗಲ್ಲ. ಏಪ್ರಿಲ್ ಮೇ ಬಿಸಿಲು ನೋಡಿ ಮೋಸ ಹೋಗಬೇಡಿ. ನೀರು ಆಗ ಇನ್ನೂ ಕೊರೆಯುತ್ತಿರುತ್ತದೆ, ನೀರು ಒಳಗೆ ಬಿಡದ ಡ್ರೈಸೂಟ್ ಬೇಕೇ ಬೇಕು.

ಜುಲೈ ಬಂದರೆ ಜೊಂಡು. ಚುಕ್ಕಾಣಿಗೆ ಒಂದು ಹಿಡಿ ಸುತ್ತಿಕೊಂಡರೂ ದೋಣಿ ಕೆಳಗೆ ತಿರುಗಲು ಸೋಮಾರಿತನ ತೋರಿಸುತ್ತದೆ, ಸ್ಪಿ ಮೇಲಿರುವಾಗ ಅದು ಆಗಬಾರದು. ಏರಿಸುವ ಮೊದಲು ಎರಡೂ ಚುಕ್ಕಾಣಿ ಒಮ್ಮೆ ಎತ್ತಿ ಕೊಡವಿ.

ಮನೆಗೆ ಬಂದ ಮೇಲೆ ಸ್ಪಿಯನ್ನು ಚೀಲದಲ್ಲೇ ಬಿಟ್ಟರೆ ಮುಗ್ಗುತ್ತದೆ. ನಮ್ಮ ಮನೆಯ ಮೆಟ್ಟಿಲ ಕಂಬಿಗೆ ಒಂದು ರಾತ್ರಿ ಹರಡಿರುತ್ತೇನೆ. ಬೆಳಿಗ್ಗೆ ಕಿಟಕಿಯ ಬೆಳಕಿಗೆ ಹಿಡಿದರೆ ಸೂಜಿ ಮೊನೆಯಷ್ಟು ತೂತೂ ಕಾಣುತ್ತದೆ, ಅಲ್ಲಲ್ಲಿ ತೇಪೆ ಅಂಟಿಸಿ ಮಡಚಿಡಿ.